ಎರಡು ಲ್ಯಾಬ್ ಸೇರಿ ಒಂದು ಪ್ರಾಕ್ಟಿಕಲ್ ಆಗಲಿ

ವುಜೂ ಮಾಡುವ ನೀರಿನ ಬಣ್ಣ, ವಾಸನೆ, ರುಚಿ ಕೆಟ್ಟಿರಬಾರದು ಎಂದು ಚಿಕ್ಕವರಿದ್ದಾಗಲೇ ಮೌಲಾನಾರು ನಮಗೆ ಕಲಿಸಿದ್ದಾರೆ. ಆದರೆ ಈ ಮೂರರಿಂದಲೂ ಗೊತ್ತಾಗದ ಒಂದು ದೋಷ ನಮ್ಮ ಜಿಲ್ಲೆಯ ಹಲವು ಬೋರ್‌ವೆಲ್ ನೀರಿನಲ್ಲಿದೆ. ಅದು ಫ್ಲೋರೈಡ್. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿನಲ್ಲಿ ಕಲೆ ಮೂಡಬಹುದು. ಇನ್ನೂ ಬಹಳ ಹೆಚ್ಚಿದ್ದರೆ ಎಲುಬು, ಕೀಲುಗಳೂ ಕೆಡುತ್ತವೆ.

ಇದನ್ನು ಪತ್ತೆ ಮಾಡುವ ಒಂದು ವಿಧಾನ ಹೀಗಿದೆ. ಝಿರ್ಕೋನಿಯಂ ಬೆರೆತ ಕೆಂಪು ದ್ರಾವಣಕ್ಕೆ ನೀರು ಸೇರಿಸಿದರೆ, ಫ್ಲೋರೈಡ್ ಇದ್ದಷ್ಟೂ ಬಣ್ಣ ತೆಳುವಾಗುತ್ತದೆ. ಎಷ್ಟು ತೆಳುವಾಯಿತು ಎಂದು ಬೆಳಕು ಹಾಯಿಸಿ ಅಳೆಯುತ್ತಾರೆ. ಇದೇ ಕೆಲಸವನ್ನು ಒಂದು ಸಣ್ಣ ಚಿಪ್‌ನೊಳಗೆ, ಕೂದಲೆಳೆಯಷ್ಟು ಕಿರಿದಾದ ಕಾಲುವೆಗಳಲ್ಲಿ, ಕೆಲವೇ ಹನಿ ನೀರಿನಿಂದ ಮಾಡಬಹುದು. ಇದಕ್ಕೆ ಮೈಕ್ರೋಫ್ಲೂಯಿಡಿಕ್ ಸೆನ್ಸರ್ ಎನ್ನುತ್ತಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ ಮೈಕ್ರೋಫ್ಲೂಯಿಡಿಕ್ಸ್ ಸಂಶೋಧನೆ ನಡೆಯುತ್ತದೆ.

ಚಿಪ್‌ನ ಮೈ ಸೆರಾಮಿಕ್‌ದಾದರೆ ಬಿಸಿ, ರಾಸಾಯನಿಕ ಎರಡನ್ನೂ ತಡೆಯುತ್ತದೆ. ಆದರೆ ಬೆಳಕು ಅದರೊಳಗೆ ಹಾಯುವುದಿಲ್ಲ. ಅದಕ್ಕೆ ಪಿಡಿಎಂಎಸ್ ಎಂಬ ಪಾರದರ್ಶಕ ಸಿಲಿಕೋನ್ ರಬ್ಬರಿನ ಕಿಟಕಿ ಬೇಕು. ಕಷ್ಟ ಇರುವುದು ಇವೆರಡನ್ನು ಕೂಡಿಸುವಲ್ಲಿ. ಅಂಟು ಹಚ್ಚಿದರೆ ಕಾಲುವೆ ಮುಚ್ಚಬಹುದು, ಬೆಳಕಿಗೂ ಅಡ್ಡಿಯಾಗಬಹುದು. ಆದ್ದರಿಂದ ರಬ್ಬರಿನ ಮೇಲ್ಮೈಗೆ ಆಕ್ಸಿಜನ್ ಪ್ಲಾಸ್ಮಾ ತಾಗಿಸಿ, ಗಾಜಿನಂಥ ಲೇಪ ಕೊಟ್ಟ ಸೆರಾಮಿಕ್ ಮೇಲೆ ಒತ್ತುತ್ತಾರೆ. ಆಗ ನಡುವೆ ಸಿಲಿಕಾನ್-ಆಕ್ಸಿಜನ್-ಸಿಲಿಕಾನ್ ಬಂಧ ಬೆಳೆಯುತ್ತದೆ. ನಮ್ಮ ಬೇಸಿಗೆಯ ಬಿಸಿಲಿನಲ್ಲಿ ಈ ರಬ್ಬರು ಸೆರಾಮಿಕ್‌ಗಿಂತ ಹತ್ತಾರು ಪಟ್ಟು ಹೆಚ್ಚು ಹಿಗ್ಗುತ್ತದೆ. ಆಗಲೂ ಬೆಸುಗೆ ಬಿಡಬಾರದು, ಬಿಟ್ಟರೆ ನೀರು ಸೋರಿ ಅಳತೆ ತಪ್ಪುತ್ತದೆ.

ಜೋಡಣೆಯ ಈ ಚಿಂತೆ ನಮ್ಮ ನೆಲಕ್ಕೆ ಹೊಸದಲ್ಲ. 1651ರಲ್ಲಿ ಮೊಹಮ್ಮದ್ ಆದಿಲ್ ಶಾಹ ಕಟ್ಟಿಸಿದ ಬೇಗಂ ತಾಲಾಬ್‌ನಿಂದ ವಿಜಯಪುರಕ್ಕೆ ನೀರು ಬಂದದ್ದು ಮಣ್ಣಿನ ಕೊಳವೆಗಳಲ್ಲಿ. ಅವನ್ನು ಒಂದಕ್ಕೊಂದು ಕೂಡಿಸಿ, ಸುತ್ತಲೂ ಗಾರೆ ಕಟ್ಟಿದ್ದರು. ಒತ್ತಡಕ್ಕೆ ಕೊಳವೆ ಒಡೆಯಬಾರದೆಂದು ದಾರಿಯಲ್ಲಿ ಗಂಜ್ ಎಂಬ ಗೋಪುರಗಳನ್ನೂ ನಿಲ್ಲಿಸಿದ್ದರು.

ನಾವೋ ಫಿಸಿಕ್ಸ್ ಬೇರೆ, ಕೆಮಿಸ್ಟ್ರಿ ಬೇರೆ ಎಂದು ಎರಡು ರೆಕಾರ್ಡ್ ಬುಕ್ ಬರೆದು ಸುಮ್ಮನಾಗುತ್ತೇವೆ. ಇಂಥ ಸೆನ್ಸರ್ ಮಾಡುವವರಿಗೆ ಬಂಧವೂ ಗೊತ್ತಿರಬೇಕು, ಬೆಳಕೂ ಗೊತ್ತಿರಬೇಕು. ಆದ್ದರಿಂದ ಎರಡೂ ವಿಭಾಗದ ಸರ್ ಮತ್ತು ಮೇಡಂ ಅವರಲ್ಲಿ ನನ್ನ ವಿನಂತಿ ಇಷ್ಟೇ: ವರ್ಷಕ್ಕೆ ಒಂದಾದರೂ ಪ್ರಾಕ್ಟಿಕಲ್ಲನ್ನು ಕೂಡಿಯೇ ಮಾಡಿಸಿ. ಪೊಟ್ಯಾಸಿಯಂ ಪರ್ಮ್ಯಾಂಗನೇಟ್‌ನ ಐದು ಬೇರೆ ಬೇರೆ ಸಾಂದ್ರತೆಯ ದ್ರಾವಣ, ಒಂದು ಹಸಿರು ಎಲ್‌ಇಡಿ, ಒಂದು ಎಲ್‌ಡಿಆರ್, ಒಂದು ಮಲ್ಟಿಮೀಟರ್ ಸಾಕು. ಬಣ್ಣ ಗಾಢವಾದಷ್ಟೂ ಎಲ್‌ಡಿಆರ್‌ನ ರೋಧ ಏರುವುದನ್ನು ನಾವೇ ಗ್ರಾಫ್ ಬರೆದು ನೋಡಬಹುದು.

“ಇದು ಸಿಇಟಿಗೆ ಬರುತ್ತದೆಯೇ, ನೀಟ್‌ಗೆ ಬರುತ್ತದೆಯೇ?” ಎಂದು ಗೆಳೆಯರು ಕೇಳಬಹುದು. ಈ ಪ್ರಶ್ನೆಯೇ ಅಲ್ಲಿ ಬರಲಿಕ್ಕಿಲ್ಲ. ಆದರೆ ತಿಕೋಟಾದ ತೋಟದ ಬೋರ್‌ವೆಲ್ ನೀರನ್ನು ಅಲ್ಲೇ ನಿಂತು ಪರೀಕ್ಷಿಸುವ ಉಪಕರಣವನ್ನು ನಾಳೆ ಯಾರೋ ಮಾಡಲೇಬೇಕು. ಅವರು ನಮ್ಮ ಬೆಂಚಿನವರೇ ಆಗಲಿ ಎಂಬುದು ನನ್ನ ಆಸೆ.