ಗುಳಿಗೆ ಬಂತು, ಉತಾರ ಬರಲಿಲ್ಲ

ಡಿಸೆಂಬರ್ ಒಂದರ ಜಾಥಾ, ಕೆಂಪು ರಿಬ್ಬನ್, ಕಾಲೇಜು ಹುಡುಗರ ಬೀದಿ ನಾಟಕ ಈ ವರ್ಷವೂ ನಡೆಯುತ್ತವೆ. ಆದರೆ ಎಚ್‌ಐವಿ ಈಗ ಸುದ್ದಿಯಲ್ಲ. ಅದಕ್ಕೊಂದು ಒಳ್ಳೆಯ ಕಾರಣವೂ ಇದೆ: ಜನ ಮೊದಲಿನ ಹಾಗೆ ಸಾಯುತ್ತಿಲ್ಲ. 2004ರ ಏಪ್ರಿಲ್ 1ರಂದು ಎಂಟು ಸರ್ಕಾರಿ ಆಸ್ಪತ್ರೆಗಳಲ್ಲಿ ವೈರಸ್ಸನ್ನು ಹತ್ತಿಕ್ಕುವ ಎಆರ್‌ಟಿ ಗುಳಿಗೆಯನ್ನು ಪುಕ್ಕಟೆ ಕೊಡಲು ಶುರುಮಾಡಿದಾಗ ಇದು ಎಷ್ಟು ದಿನ ನಡೆದೀತು ಎಂಬ ಅನುಮಾನವಿತ್ತು. ನಡೆಯಿತು. ಇವತ್ತು ಮೂರು ಔಷಧಿ ಸೇರಿಸಿದ ದಿನಕ್ಕೊಂದೇ ಮಾತ್ರೆ ಜಿಲ್ಲಾಸ್ಪತ್ರೆಯಲ್ಲಿ ಕಾಸಿಲ್ಲದೆ ಸಿಗುತ್ತದೆ. ತಪ್ಪದೆ ನುಂಗುತ್ತಾ ಹೋದರೆ ರಕ್ತದಲ್ಲಿ ವೈರಸ್ ಪರೀಕ್ಷೆಗೂ ಸಿಗದಷ್ಟು ಇಳಿಯುತ್ತದೆ; ಹಾಗೆ ಇಳಿದವರಿಂದ ಸಂಗಾತಿಗೆ ಸೋಂಕು ದಾಟುವುದಿಲ್ಲ. ಸರ್ಕಾರವನ್ನು ಬೈಯಲೆಂದೇ ಲೇಖನಿ ಹಿಡಿಯುವ ನಮ್ಮಂಥವರು ಇಷ್ಟನ್ನು ಒಪ್ಪಿಕೊಂಡೇ ಮುಂದಿನ ಮಾತಿಗೆ ಹೋಗಬೇಕು.

ಮುಂದಿನ ಮಾತು ಹೆಂಗಸರದ್ದು. 2023ರ ರಾಷ್ಟ್ರೀಯ ಅಂದಾಜಿನ ಪ್ರಕಾರ ದೇಶದಲ್ಲಿ ಎಚ್‌ಐವಿಯೊಂದಿಗೆ ಬದುಕುತ್ತಿರುವವರು 25 ಲಕ್ಷಕ್ಕೂ ಹೆಚ್ಚು. ಅವರಲ್ಲಿ ನೂರಕ್ಕೆ ಸುಮಾರು 44 ಮಂದಿ ಹೆಂಗಸರು. ಸಂಖ್ಯೆಯಲ್ಲಿ ಮುಂದಿರುವ ಮೂರು ರಾಜ್ಯಗಳಲ್ಲಿ ನಮ್ಮದೂ ಒಂದು. ಬಾಗಲಕೋಟೆ ಜಿಲ್ಲೆಯಲ್ಲಿ 2003ರಲ್ಲಿ ಸಾಮಾನ್ಯ ಜನರ ನಡುವೆ ನಡೆದ ಸಮೀಕ್ಷೆಯಲ್ಲಿ ವಯಸ್ಕರಲ್ಲಿ ನೂರಕ್ಕೆ ಸುಮಾರು ಮೂವರಿಗೆ ಸೋಂಕು ಕಂಡಿತ್ತು. ಆ ತಲೆಮಾರಿನ ಎಷ್ಟೋ ಗಂಡಸರು ಗುಳಿಗೆ ಬರುವ ಮೊದಲೇ ಹೋದರು. ಹೆಂಡಂದಿರು ಉಳಿದರು. ಈಗ ನಲವತ್ತು, ಐವತ್ತು ದಾಟಿರುವ ಅವರ ಆರೋಗ್ಯವನ್ನು ಇವತ್ತು ಕೆಡಿಸುತ್ತಿರುವುದು ವೈರಸ್ಸಿಗಿಂತ ಹೆಚ್ಚಾಗಿ ಮನೆ, ಹೊಲ, ರೇಷನ್ ಕಾರ್ಡು, ಕೂಲಿ. ಈ ಸಂಚಿಕೆಯಲ್ಲಿ ನಾನು ಹೇಳಬೇಕೆಂದಿರುವುದು ಇಷ್ಟೇ.

ಬಡತನ ರಕ್ತಕ್ಕೆ ಹೇಗೆ ಇಳಿಯುತ್ತದೆ ಎಂಬುದಕ್ಕೆ ಮೊದಲ ವರ್ಷಗಳ ಔಷಧಿಯ ಚರಿತ್ರೆಯನ್ನೇ ನೋಡಬಹುದು. ಆಗ ಕೊಡುತ್ತಿದ್ದ ಔಷಧಿಗಳಲ್ಲಿ ಜಿಡೊವುಡಿನ್ ಮುಖ್ಯವಾದದ್ದು. ಅದು ರಕ್ತಹೀನತೆ ತರುತ್ತದೆ. ಮೊದಲೇ ರಕ್ತ ಕಡಿಮೆ ಇದ್ದವರಿಗೆ ಕೊಡುವ ಹಾಗಿಲ್ಲ. ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 48 ಮಂದಿಗೆ ರಕ್ತಹೀನತೆ ಎನ್ನುತ್ತದೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ. ಗಂಡಸರಲ್ಲಿ ಇದರ ಅರ್ಧವೂ ಇಲ್ಲ. ಎಲ್ಲರದೂ ಆದ ಮೇಲೆ ತಳದಲ್ಲಿ ಉಳಿದದ್ದನ್ನು ಉಣ್ಣುವ ಪದ್ಧತಿ ಇಲ್ಲಿ ಲೆಕ್ಕವಾಗಿ ಕೂತಿದೆ. ಜಿಡೊವುಡಿನ್ ಆಗದವರಿಗೆ ಕೊಟ್ಟದ್ದು ಸ್ಟಾವುಡಿನ್. ಅಗ್ಗದ ಔಷಧಿ, ಜೀವ ಉಳಿಸಿತು, ನಿಜ. ಆದರೆ ವರ್ಷಗಟ್ಟಲೆ ತೆಗೆದುಕೊಂಡರೆ ಕೆನ್ನೆಯ, ಕೈಕಾಲಿನ ಕೊಬ್ಬು ಕರಗಿ ಮುಖ ಗುಳಿಬೀಳುತ್ತಿತ್ತು. ಯಾರಿಗೂ ಹೇಳದೆ ಬಚ್ಚಿಟ್ಟ ಕಾಯಿಲೆಯನ್ನು ಮುಖವೇ ಊರಿಗೆಲ್ಲ ಹೇಳಿಬಿಟ್ಟಿತು. ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಕೈಬಿಡಿ ಎಂದದ್ದು 2009ರಲ್ಲಿ. ಅಷ್ಟರಲ್ಲಿ ಎಷ್ಟು ಮಂದಿ ಜಾತ್ರೆಗೂ ಮದುವೆಗೂ ಹೋಗುವುದನ್ನು ಬಿಟ್ಟಿದ್ದರೋ ಲೆಕ್ಕವಿಟ್ಟವರಿಲ್ಲ.

ಬಸುರಿಯರ ಪರೀಕ್ಷೆಯದ್ದು ಬೇರೆಯದೇ ಕಥೆ. ತಾಯಿಯಿಂದ ಮಗುವಿಗೆ ಸೋಂಕು ದಾಟದಂತೆ ತಡೆಯುವ ಕಾರ್ಯಕ್ರಮ ನಮ್ಮಲ್ಲಿ ವ್ಯಾಪಕವಾಗಿ ಬಂದದ್ದು 2002ರಲ್ಲಿ. ಹೆರಿಗೆ ಹೊತ್ತಿಗೆ ತಾಯಿಗೆ ನೆವಿರಾಪಿನ್‌ನ ಒಂದು ಗುಳಿಗೆ, ಹುಟ್ಟಿದ ಮಗುವಿಗೆ ಒಂದಿಷ್ಟು ಹನಿ. ಎಷ್ಟೋ ಮಕ್ಕಳು ಇದರಿಂದ ಉಳಿದವು. ಆದರೆ ಆ ಒಂದು ಗುಳಿಗೆಯಿಂದ ತಾಯಿಯ ಕಾಯಿಲೆಗೆ ಏನೂ ಆಗುತ್ತಿರಲಿಲ್ಲ. ಮುಂದೆ ಅವಳಿಗೇ ಚಿಕಿತ್ಸೆ ಬೇಕಾದಾಗ ಆ ಔಷಧಿಗೆ ವೈರಸ್ ಬಗ್ಗದೆ ಹೋಗುವ ಅಪಾಯವೂ ಇತ್ತು. ಪುಕ್ಕಟೆ ಎಆರ್‌ಟಿ ಬಂದ ಮೊದಲ ವರ್ಷಗಳಲ್ಲೂ, ರೋಗ ತಡೆಯುವ ಬಿಳಿ ರಕ್ತಕಣಗಳ ಲೆಕ್ಕವಾದ ಸಿಡಿ4 ಎಣಿಕೆ 200ಕ್ಕಿಂತ ಕೆಳಗಿಳಿಯುವವರೆಗೆ ಸಾಮಾನ್ಯವಾಗಿ ಕಾಯಬೇಕಿತ್ತು. ಎಣಿಕೆ ಎಷ್ಟೇ ಇರಲಿ, ಗೊತ್ತಾದ ಕೂಡಲೇ ಎಲ್ಲರಿಗೂ ಚಿಕಿತ್ಸೆ ಎಂಬ ನೀತಿ ಬಂದದ್ದು 2017ರಲ್ಲಿ. ಅದಕ್ಕೂ ಮೊದಲಿನ ಬಹುಪಾಲು ವರ್ಷಗಳಲ್ಲಿ ವ್ಯವಸ್ಥೆಯ ಕಣ್ಣಿಗೆ ಅವಳು ಮಗು ಬರುವ ದಾರಿಯಾಗಿಯೇ ಹೆಚ್ಚು ಕಂಡಳು ಎನ್ನಲು ನನಗೆ ಹಿಂಜರಿಕೆಯಿಲ್ಲ.

ಅದೇ ಪರೀಕ್ಷೆ ಇನ್ನೊಂದು ಕೆಲಸವನ್ನೂ ಮಾಡಿತು. ಬಸುರಿ ತಪಾಸಣೆಗೆ ಹೋಗುತ್ತಾಳೆ, ಗಂಡ ಹೋಗುವುದಿಲ್ಲ. ಹಾಗಾಗಿ ಸೋಂಕು ಮೊದಲು ಕಾಣುವುದು ಅವಳ ಚೀಟಿಯಲ್ಲಿ. ಮೊದಲು ಗೊತ್ತಾದವರೇ ಮೊದಲು ತಂದವರು ಎಂದು ಅತ್ತೆಮನೆ ಲೆಕ್ಕ ಹಾಕುತ್ತದೆ. ಮುಂಬೈಯಲ್ಲಿ ಗಾರೆ ಕೆಲಸಕ್ಕೋ ಲಾರಿಯ ಮೇಲೋ ಹೋಗಿ ಬಂದವನನ್ನು ಯಾರೂ ಕೇಳುವುದಿಲ್ಲ.

ಉತ್ತರ ಕರ್ನಾಟಕದ ಒಂದು ಎಆರ್‌ಟಿ ಕೇಂದ್ರದ ಹೊರಗಿನ ಬೆಂಚಿನ ಮೇಲೆ ಒಬ್ಬಾಕೆಯ ಜೊತೆ ಒಂದು ಮಧ್ಯಾಹ್ನ ಕೂತಿದ್ದೆ. ಒಳಗೆ ಕೊಟ್ಟ ಪ್ಲಾಸ್ಟಿಕ್ ಡಬ್ಬಿಯ ಮುಚ್ಚಳ ತೆಗೆದು, ಗುಳಿಗೆಗಳನ್ನೆಲ್ಲ ಅಡಿಕೆ-ಎಲೆ ಇಡುವ ಬಟ್ಟೆಯ ಸಂಚಿಯ ಒಳಪದರಕ್ಕೆ ಸುರಿದುಕೊಂಡು, ಡಬ್ಬಿಯ ಮೇಲಿನ ಚೀಟಿಯನ್ನು ಉಗುರಿನಿಂದ ಕೆರೆದು ಕಿತ್ತು, ಖಾಲಿ ಡಬ್ಬಿಯನ್ನು ಅಲ್ಲೇ ಬುಟ್ಟಿಗೆ ಹಾಕಿದರು. ಡಬ್ಬಿ ಒಯ್ದರೆ ಬಸ್ಸಿನಲ್ಲಿ ಗಲಗಲ ಅಂತದ, ಮಂದಿ ನೋಡ್ತಾರ ಎಂದರು. ತವರಿನಲ್ಲಿ ತಮ್ಮನ ಹೆಂಡತಿಗೆ ಹೇಳಿರುವುದು ಬಿಪಿ ಗುಳಿಗೆ ಅಂತ. ಗಂಡ ಲಾರಿ ಓಡಿಸುತ್ತಿದ್ದವನು. ಅವನು ಹಾಸಿಗೆ ಹಿಡಿದಾಗ ಮಿರಜ್‌ನ ಖಾಸಗಿ ದವಾಖಾನೆಗಳಿಗೆ ಸುತ್ತಿ ಎಮ್ಮೆ, ಬಂಗಾರ, ಕಡೆಗೆ ಒಂದು ತುಂಡು ಹೊಲ ಹೋಯಿತು. ಈಕೆಯ ಪಾಳಿ ಬರುವ ಹೊತ್ತಿಗೆ ಮಾರಲು ಏನೂ ಉಳಿದಿರಲಿಲ್ಲ. ದಿನಕರ್ಮ ಮುಗಿದ ಮೇಲೆ ಇಬ್ಬರು ಹೆಣ್ಣುಮಕ್ಕಳೊಂದಿಗೆ ತವರಿಗೆ ಕಳಿಸಿದರು. “ಹೊಲದಾಗ ಪಾಲು ಕೇಳಲಿಲ್ಲೇನ್ರಿ?” ಎಂದೆ. “ಉತಾರ ಇನ್ನೂ ಮಾವನ ಹೆಸರಿಗೇ ಐತ್ರಿ ಅಕ್ಕಾರ. ಕೇಳಾಕ ಹೋದ್ರ ಪಂಚರ ಮುಂದ ಇದನ್ನೂ ತಗೀತಾರ” ಎಂದು ಸಂಚಿಯನ್ನು ಮುಟ್ಟಿ ತೋರಿಸಿದರು.

ಇದು ಒಬ್ಬರ ಕಥೆಯಲ್ಲ. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಜೊತೆಗೂಡಿ ಆನ್ವಯಿಕ ಆರ್ಥಿಕ ಸಂಶೋಧನೆಯ ರಾಷ್ಟ್ರೀಯ ಮಂಡಳಿ ಕರ್ನಾಟಕವೂ ಸೇರಿ ಆರು ರಾಜ್ಯಗಳಲ್ಲಿ ಅಧ್ಯಯನ ನಡೆಸಿ 2006ರಲ್ಲಿ ವರದಿ ಕೊಟ್ಟಿತು. ಸೋಂಕಿರುವ ವಿಧವೆಯರಲ್ಲಿ ನೂರಕ್ಕೆ 79 ಮಂದಿಗೆ ಗಂಡನ ಆಸ್ತಿಯಲ್ಲಿ ಪಾಲು ಸಿಕ್ಕಿರಲಿಲ್ಲ. ನೂರಕ್ಕೆ ತೊಂಬತ್ತರಷ್ಟು ಮಂದಿ ಗಂಡನ ಮನೆಯಲ್ಲಿ ಉಳಿದಿರಲಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ವಿಧವೆಯನ್ನು ಮೊದಲ ದರ್ಜೆಯ ವಾರಸುದಾರರ ಸಾಲಿನಲ್ಲೇ ಇಟ್ಟಿದೆ. 2018ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂದ ಎಚ್‌ಐವಿ ಕಾಯ್ದೆಯ 29ನೇ ಕಲಂ ಕೂಡಿ ಬಾಳಿದ ಮನೆಯಿಂದ ಯಾರನ್ನೂ ಹೊರಹಾಕುವ ಹಾಗಿಲ್ಲ ಎನ್ನುತ್ತದೆ. ಕೋರ್ಟಿನಲ್ಲಿ ಗುರುತು ಮರೆಮಾಡಿ ಬೇರೆ ಹೆಸರಿನಲ್ಲಿ ದಾವೆ ನಡೆಸಲೂ ಅದೇ ಕಾಯ್ದೆಯಲ್ಲಿ ಅವಕಾಶವಿದೆ. ಆದರೆ ಹೊಲಕ್ಕೆ ಚಕ್ಕುಬಂದಿಯಿದೆ, ಮನೆಗೆ ನಂಬರಿದೆ. ನೋಟಿಸು ಬಂದ ದಿನವೇ ಸೊಸೆ ಯಾರೆಂದು ಓಣಿಗೆಲ್ಲ ಗೊತ್ತಾಗುತ್ತದೆ.

ಕಾಗದ ಬೇರೆಯಾಗದಿದ್ದರೆ ಇನ್ನೂ ಏನೇನು ತಪ್ಪುತ್ತದೆ ನೋಡಿ. ಗೃಹಲಕ್ಷ್ಮಿಯ ಎರಡು ಸಾವಿರ ಸೇರುವುದು ರೇಷನ್ ಕಾರ್ಡಿನಲ್ಲಿ ಯಜಮಾನಿ ಎಂದು ನಮೂದಾದವಳಿಗೆ. ತವರು ಸೇರಿದವಳ ಹೆಸರು ಅತ್ತೆಯ ಕಾರ್ಡಿನಲ್ಲಿ ಸಿಕ್ಕಿಕೊಂಡಿದ್ದರೆ ಹಣವೂ ಅತ್ತೆಗೆ, ಅಕ್ಕಿಯೂ ಅಲ್ಲಿಗೆ. ಸೋಂಕಿತ ಮಹಿಳೆಯರಿಗೆಂದೇ ರಾಜ್ಯ ಮಹಿಳಾ ಅಭಿವೃದ್ಧಿ ನಿಗಮದ ಧನಶ್ರೀ ಯೋಜನೆಯಿದೆ. ಅದಕ್ಕೆ ಅರ್ಜಿ ಹಾಕುವುದೆಂದರೆ ಇನ್ನೊಂದು ಕಚೇರಿಯಲ್ಲಿ ಇನ್ನೊಂದಷ್ಟು ಜನರಿಗೆ ಕಾಯಿಲೆ ಹೇಳಿಕೊಳ್ಳುವುದು. ಇದಕ್ಕೆ ಹೋಲಿಸಿದರೆ, ಎಚ್‌ಐವಿಯನ್ನು ಮನಸ್ಸಿನಲ್ಲೇ ಇಟ್ಟುಕೊಳ್ಳದೆ 2023ರ ಜೂನ್‌ನಲ್ಲಿ ಶುರುವಾದ ಪುಕ್ಕಟೆ ಬಸ್ಸಿನ ಶಕ್ತಿ ಯೋಜನೆ ಇವರ ಹಾದಿಯ ಒಂದು ಕಲ್ಲನ್ನು ಎತ್ತಿಹಾಕಿತು. ಗುರುತು ಸಿಗಬಾರದೆಂದು ಪಕ್ಕದ ಜಿಲ್ಲೆಯ ಕೇಂದ್ರಕ್ಕೆ ಹೋಗುವವಳಿಗೆ ಕಂಡಕ್ಟರ್ ಹರಿದುಕೊಡುವ ಶೂನ್ಯ ಟಿಕೆಟು ಸಣ್ಣ ಮಾತಲ್ಲ. ಯಾಕೆ, ಎಲ್ಲಿಗೆ ಎಂದು ಅದು ಕಾರಣ ಕೇಳುವುದಿಲ್ಲ. ಎಲ್ಲ ಹೆಂಗಸರಿಗೂ ಕೊಟ್ಟದ್ದರಲ್ಲಿ ಇವಳೂ ಸೇರಿಕೊಂಡಳು. ಬಿಟ್ಟಿಭಾಗ್ಯ ಎಂದು ಮೂಗು ಮುರಿಯುವ ನಮ್ಮ ಕೆಲವು ಓದುಗರು ಈ ವಾಕ್ಯಕ್ಕೆ ಪತ್ರ ಬರೆಯುತ್ತಾರೆಂದು ಗೊತ್ತು. ಬರೆಯಲಿ. ಬಸ್ಸಿನ ಚಾರ್ಜು ಉಳಿದರೂ ಆ ದಿನದ ಕೂಲಿಯಂತೂ ಹೋಗಿಯೇ ಹೋಗುತ್ತದೆ.

ಸಾಹಿತ್ಯದವರಾದ ನಮಗೂ ಇದರಲ್ಲಿ ಪಾಲಿದೆ. ಪತ್ರಿಕೆಗೆ ಬರುವ ಕಥೆಗಳಲ್ಲಿ ಎಚ್‌ಐವಿ ಎರಡೇ ವೇಷದಲ್ಲಿ ಬರುತ್ತದೆ: ಒಂದೋ ದಾರಿತಪ್ಪಿದವಳಿಗೆ ಕೊನೆಯ ಪುಟದ ಶಿಕ್ಷೆ, ಇಲ್ಲವೇ ಏನೂ ಅರಿಯದ ಗೃಹಿಣಿಗೆ ಬಂದ ಅನ್ಯಾಯ. ಎರಡನೆಯದು ಮರುಕದಿಂದ ಬರೆದದ್ದಾದರೂ, ಅನ್ಯಾಯವಾದದ್ದು ಗೃಹಿಣಿಗೆ ಮಾತ್ರ, ಉಳಿದವಳಿಗೆ ತಕ್ಕದ್ದೇ ಆಯಿತು ಎಂದು ಒಳಗೊಳಗೇ ಹೇಳುತ್ತದೆ. ವಾಸ್ತವ ಇದನ್ನು ತಲೆಕೆಳಗು ಮಾಡಿದೆ. ಮೈಸೂರಿನ ಆಶೋದಯ ಸಮಿತಿಯಂಥ ಲೈಂಗಿಕ ಕಾರ್ಯಕರ್ತೆಯರ ಸಂಘಟನೆಗಳಲ್ಲಿ ಒಬ್ಬರಿಗೆ ಆಸ್ಪತ್ರೆಯಲ್ಲಿ ಅವಮಾನವಾದರೆ ಕೇಳಲು ಜೊತೆಗಾರರಿದ್ದಾರೆ. ಮರ್ಯಾದಸ್ಥ ಮನೆಯ ಸೊಸೆಗೆ ಮರ್ಯಾದೆಯೇ ಅಡ್ಡ; ತನ್ನಂಥವರು ಪಕ್ಕದ ಓಣಿಯಲ್ಲಿದ್ದರೂ ಅವಳಿಗೆ ಗೊತ್ತಾಗುವುದಿಲ್ಲ. ಚೆನ್ನೈಯಲ್ಲಿ ಪಿ. ಕೌಸಲ್ಯ ಮತ್ತು ಗೆಳತಿಯರು 1998ರಲ್ಲೇ ಸೋಂಕಿತ ಮಹಿಳೆಯರದೇ ಸಂಘ ಕಟ್ಟಿದ್ದು ಇದೇ ಒಂಟಿತನವನ್ನು ಮುರಿಯಲು.

ಗುಳಿಗೆಯಿಂದ ಆಯಸ್ಸು ಬೆಳೆದಂತೆ ಬೇರೆ ಕಾಯಿಲೆಗಳೂ ಬಂದಿವೆ. ಎಚ್‌ಐವಿ ಇರುವ ಹೆಂಗಸರಿಗೆ ಗರ್ಭಕೊರಳಿನ ಕ್ಯಾನ್ಸರಿನ ಅಪಾಯ ಉಳಿದವರಿಗಿಂತ ಸುಮಾರು ಆರು ಪಟ್ಟು. ಅದನ್ನು ಮೊದಲೇ ಪತ್ತೆಹಚ್ಚಲು ಆಸಿಟಿಕ್ ಆಮ್ಲ ಹಚ್ಚಿ ನೋಡುವ ಸರಳ ಪರೀಕ್ಷೆಯಿದೆ, ತರಬೇತಿ ಪಡೆದ ನರ್ಸೇ ಮಾಡಬಹುದು. ದೇಶದಲ್ಲಿ 30ರಿಂದ 49 ವಯಸ್ಸಿನ ಹೆಂಗಸರಲ್ಲಿ ಈ ಕ್ಯಾನ್ಸರಿಗೆ ಒಮ್ಮೆಯಾದರೂ ಪರೀಕ್ಷೆ ಮಾಡಿಸಿಕೊಂಡವರು ನೂರಕ್ಕೆ ಇಬ್ಬರೂ ಇಲ್ಲ. ಗುಳಿಗೆಗೆ ಒಂದು ದಿನದ ಕೂಲಿ ಬಿಟ್ಟು ಬಂದವಳಿಗೆ ಹೆರಿಗೆ ವಿಭಾಗಕ್ಕೆ ಇನ್ನೊಂದು ದಿನ ಬನ್ನಿ ಎಂದರೆ ಬರುವುದಿಲ್ಲ. ಅದೇ ದಿನ ಅಲ್ಲೇ ಮಾಡಿ ಕಳಿಸಬೇಕು.

ಕಾಗದದ ಕೆಲಸವೂ ಅಲ್ಲೇ ಆಗಬಹುದು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಪ್ರತಿಯೊಬ್ಬ ಹೆಂಗಸಿಗೂ, ಆದಾಯ ಎಷ್ಟೇ ಇರಲಿ, ಉಚಿತ ವಕೀಲರನ್ನು ಪಡೆಯುವ ಹಕ್ಕಿದೆ. ತಾಲೂಕಿನ ಕಾನೂನು ಸೇವಾ ಸಮಿತಿಯವರು ತಿಂಗಳಿಗೊಂದು ದಿನ ಗುಳಿಗೆ ಕೊಡುವ ಕೋಣೆಯ ಪಕ್ಕದಲ್ಲಿ ಕೂತು ವಾರಸಾ ಅರ್ಜಿ, ರೇಷನ್ ಕಾರ್ಡಿನ ಅರ್ಜಿ ಬರೆದುಕೊಟ್ಟರೆ ಸಾಕು. ಇದಕ್ಕೆ ಹೊಸ ಕಾನೂನು ಬೇಡ, ಹೊಸ ಬಜೆಟ್ಟೂ ಬೇಡ. ಒಂದು ಮೇಜು, ಎರಡು ಕುರ್ಚಿ ಬೇಕು. ಅವನ್ನು ಆರೋಗ್ಯ ಇಲಾಖೆ ಹಾಕಬೇಕೋ ಕಂದಾಯ ಇಲಾಖೆ ಹಾಕಬೇಕೋ ಎಂಬ ಟಿಪ್ಪಣಿ ಯಾವ ಫೈಲಿನಲ್ಲಾದರೂ ಶುರುವಾಗಲಿ.