ಸೋರುವ ಬ್ರೇಕಿನ ನಿದಾನ

ನಮ್ಮ ವಾಚಕರಲ್ಲೊಬ್ಬ ಗೃಹಿಣಿಯವರು ಕಳೆದ ತಿಂಗಳು ನಮಗೊಂದು ಕಾಗದವನ್ನು ಬರೆದಿದ್ದರು. ಅವರ ಮಾವನವರ ಕಾಲದ ಅಂಬಾಸಡರ್ ಮೋಟಾರು ಇಂದಿಗೂ ಅವರ ಮನೆಯಲ್ಲಿ ಓಡಾಡುತ್ತಿದೆಯಂತೆ. ಈಚೆಗೆ ಅದರ ಬ್ರೇಕ್ ಆಯಿಲಿನ ಮಟ್ಟವು ವಾರವಾರಕ್ಕೂ ಇಳಿಯುತ್ತಿರುವುದಂತೆ. ಡ್ರೈವರನು ಡಿಕ್ಕಿಯಲ್ಲೊಂದು ಸೀಸೆಯನ್ನು ಇಟ್ಟುಕೊಂಡು, ಇಳಿದಾಗಲೆಲ್ಲ ಸುರಿದು, “ಆಯಿಲ್ ಇರುವ ತನಕ ಭಯವಿಲ್ಲ, ಅಮ್ಮಾ” ಎನ್ನುತ್ತಾನಂತೆ. ಮುಂದಿನ ತಿಂಗಳು ನಾದಿನಿಯ ಮದುವೆಗಾಗಿ ಅತ್ತೆಯವರನ್ನೂ ಮಕ್ಕಳನ್ನೂ ಕೂರಿಸಿಕೊಂಡು ಆಗುಂಬೆಯ ಘಟ್ಟವನ್ನಿಳಿದು ಉಡುಪಿಗೆ ಹೋಗಬೇಕಾಗಿದೆ. ಹೋಗಬಹುದೆ, ಎಂಬುದು ಆ ತಾಯಿಯ ಪ್ರಶ್ನೆ.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇವೆ. ಈ ಸ್ಥಿತಿಯಲ್ಲಿ ಆ ಗಾಡಿಯನ್ನು ಘಟ್ಟಕ್ಕಲ್ಲ, ಬೀದಿಯ ಕೊನೆಗೂ ಒಯ್ಯಕೂಡದು. ಆದರೆ ಸೋರಿಕೆ ಎಲ್ಲಿರುವುದೆಂದು ಕಂಡುಹಿಡಿಯುವುದು ಅಷ್ಟೇನೂ ಕಷ್ಟವಲ್ಲ. ಕಂಡುಹಿಡಿದು ಸರಿಪಡಿಸಿದ ಮೇಲೆ ಧಾರಾಳವಾಗಿ ಹೋಗಬಹುದು. ಹಳೆಯ ಗಾಡಿಗಳನ್ನು ಸಾಕಿಕೊಂಡಿರುವ ಗೃಹಸ್ಥರು ಅನೇಕರಿರುವುದರಿಂದ ಈ ಉತ್ತರವನ್ನು ಎಲ್ಲರಿಗೂ ಉಪಯೋಗವಾಗುವಂತೆ ಸ್ವಲ್ಪ ವಿಸ್ತರಿಸಿಯೇ ಬರೆಯುತ್ತೇವೆ.

ಮೊದಲು ಬ್ರೇಕು ಕೆಲಸ ಮಾಡುವ ಬಗೆಯನ್ನು ತಿಳಿಯತಕ್ಕದ್ದು. ಮುಚ್ಚಿದ ಪಾತ್ರೆಯೊಳಗಿನ ದ್ರವವನ್ನು ಒಂದೆಡೆ ಒತ್ತಿದರೆ ಆ ಒತ್ತಡವು ಎಲ್ಲ ಕಡೆಗೂ ಸಮನಾಗಿ ಹರಡುವುದೆಂಬ ನಿಯಮವನ್ನು ಹದಿನೇಳನೆಯ ಶತಮಾನದಲ್ಲಿ ಫ್ರಾನ್ಸಿನ ಪಾಸ್ಕಲ್ ಎಂಬ ಪಂಡಿತನು ಸ್ಥಾಪಿಸಿದನು. 1921 ರಲ್ಲಿ ಅಮೆರಿಕದ ಡ್ಯೂಸೆನ್‌ಬರ್ಗ್ ಎಂಬ ಗಾಡಿಯಲ್ಲಿ ಈ ನಿಯಮವನ್ನನುಸರಿಸಿದ ಬ್ರೇಕನ್ನು ನಾಲ್ಕು ಚಕ್ರಗಳಿಗೂ ಜೋಡಿಸಿದರು. ಅಂದಿನಿಂದ ಇಂದಿನವರೆಗೆ ತತ್ತ್ವವು ಅದೇ. ಚಾಲಕನು ಪೆಡಲನ್ನು ತುಳಿದಾಗ ಮಾಸ್ಟರ್ ಸಿಲಿಂಡರೊಳಗಿನ ಪಿಸ್ಟನ್ನು ಆಯಿಲನ್ನು ಒತ್ತುತ್ತದೆ. ಆ ಒತ್ತಡವು ಉಕ್ಕಿನ ಸಣ್ಣ ಪೈಪುಗಳಲ್ಲಿ ಹರಿದು, ಚಕ್ರದ ಬಳಿಯಲ್ಲಿ ಮಾತ್ರ ಬಾಗುವ ರಬ್ಬರ್ ಹೋಸುಗಳನ್ನು ದಾಟಿ, ಚಕ್ರಚಕ್ರದಲ್ಲಿಯೂ ಇರುವ ವೀಲ್ ಸಿಲಿಂಡರನ್ನು ಸೇರುತ್ತದೆ. ಅದು ಬ್ರೇಕ್ ಷೂಗಳನ್ನು ಹೊರಕ್ಕೆ ತಳ್ಳಿದಾಗ ಅವು ತಿರುಗುವ ಡ್ರಮ್ಮಿಗೆ ಉಜ್ಜಿ ಗಾಡಿಯು ನಿಲ್ಲುವುದು.

ಇಲ್ಲಿ ಗಮನಿಸಬೇಕಾದ ಅಂಶಗಳು ಎರಡು. ಮೊದಲನೆಯದು: ದ್ರವವು ಒತ್ತಿದರೆ ಕುಗ್ಗದು, ಗಾಳಿಯು ಕುಗ್ಗುವುದು. ಆದಕಾರಣ ಆಯಿಲು ಸೋರಿ ಅದರ ಸ್ಥಾನದಲ್ಲಿ ಗಾಳಿಯು ಸೇರಿದರೆ ಕಾಲಿನ ಬಲವೆಲ್ಲವೂ ಗಾಳಿಯನ್ನು ಕುಗ್ಗಿಸುವುದರಲ್ಲಿಯೇ ವ್ಯಯವಾಗುವುದು. ಎರಡನೆಯದು ಇದಕ್ಕಿಂತ ಭಯಂಕರವಾದುದು. ಇಂದಿನ ಗಾಡಿಗಳಲ್ಲಿ ಆಯಿಲಿನ ಮಾರ್ಗವನ್ನು ಎರಡಾಗಿ ವಿಭಾಗಿಸಿರುತ್ತಾರೆ. ಒಂದು ಕೆಟ್ಟರೆ ಇನ್ನೊಂದು ಎರಡು ಚಕ್ರಗಳನ್ನಾದರೂ ಹಿಡಿಯುತ್ತದೆ. ಹಳೆಯ ಅಂಬಾಸಡರ್, ಫಿಯಟ್, ಮಾರಿಸ್ ಮೈನರ್ ಮೊದಲಾದವುಗಳಲ್ಲಿ ನಾಲ್ಕು ಚಕ್ರಗಳಿಗೂ ಮಾರ್ಗವು ಒಂದೇ. ಒಂದು ಚಕ್ರದ ಒಂದು ರಬ್ಬರು ಹರಿದರೆ ನಾಲ್ಕೂ ಬ್ರೇಕುಗಳು ಒಟ್ಟಿಗೆ ಹೋದಂತೆಯೇ ಸರಿ. ನಿಂತ ಗಾಡಿಯಲ್ಲಿ ಹನಿಹನಿಯಾಗಿ ಜಿನುಗುವ ರಬ್ಬರು, ಎದುರಿಗೆ ಹಸುವೊಂದು ಬಂದಾಗ ಚಾಲಕನು ಬಲವಾಗಿ ತುಳಿದ ಆ ಕ್ಷಣದಲ್ಲಿಯೇ ಪೂರ್ತಿಯಾಗಿ ಕೈಬಿಡಬಹುದು. “ಆಯಿಲ್ ಇರುವ ತನಕ ಭಯವಿಲ್ಲ” ಎಂಬ ಮಾತು ಈ ಕಾರಣದಿಂದ ಅಪಾಯಕರವಾದುದು. ಆಯಿಲು ಇಂದು ಇದೆಯೆಂಬುದು ನಾಳೆಯ ಘಟ್ಟದ ತಿರುವಿನಲ್ಲಿಯೂ ಇರುವುದೆಂಬುದಕ್ಕೆ ಪ್ರಮಾಣವಾಗಲಾರದು.

ಇನ್ನು ರೋಗಪರೀಕ್ಷೆ. ನಮ್ಮ ಆಯುರ್ವೇದದವರು ರೋಗವನ್ನು ತಿಳಿಯಲು ನಿದಾನ, ಪೂರ್ವರೂಪ, ರೂಪ, ಉಪಶಯ, ಸಂಪ್ರಾಪ್ತಿ ಎಂದು ಐದು ಸಾಧನಗಳನ್ನು ಹೇಳಿದ್ದಾರೆ. ಯಂತ್ರಕ್ಕೂ ಈ ಕ್ರಮವು ಚೆನ್ನಾಗಿಯೇ ಒಪ್ಪುವುದು. ಲಕ್ಷಣವನ್ನು ನೋಡದೆ ಭಾಗಗಳನ್ನು ಒಂದೊಂದಾಗಿ ಬದಲಾಯಿಸುತ್ತ ಹೋಗುವ ಮೇಸ್ತ್ರಿಯು ನಾಡಿ ಹಿಡಿಯದೆ ಔಷಧ ಕೊಡುವ ವೈದ್ಯನಂತೆ. ರೋಗವು ವಾಸಿಯಾಗುವ ಮೊದಲು ಮನೆಯವರ ಹಣವು ವಾಸಿಯಾಗಿರುತ್ತದೆ.

ಪೂರ್ವರೂಪವೆಂದರೆ ಮುನ್ಸೂಚನೆ. ಗಾಡಿಯನ್ನು ನಿಲ್ಲಿಸಿ ಪೆಡಲನ್ನು ಮೆಲ್ಲನೆ ತುಳಿಯಿರಿ. ಕಾಲು ತಾನೇ ಹೇಳುವುದು. ಮೊದಲ ತುಳಿತಕ್ಕೆ ತಗ್ಗಿಗೆ ಹೋಗಿ, ಒಡನೆಯೇ ಎರಡನೆಯ ತುಳಿತಕ್ಕೆ ಮೇಲೆಯೇ ಕಲ್ಲಿನಂತೆ ನಿಂತರೆ ಷೂಗಳು ಸವೆದು ಡ್ರಮ್ಮಿನಿಂದ ದೂರವಾಗಿವೆ, ಅಡ್ಜಸ್ಟ್ ಮಾಡಿಸಬೇಕು ಎಂದರ್ಥ. ಹತ್ತಿಯ ಮೂಟೆಯನ್ನು ತುಳಿದಂತೆ ಮೆತ್ತಗಿದ್ದು, ನಾಲ್ಕಾರು ಸಲ ತುಳಿದ ಮೇಲೆ ಗಟ್ಟಿಯಾದರೆ ಒಳಗೆ ಗಾಳಿಯು ಸೇರಿದೆ. ತುಳಿದು ಒಂದು ನಿಮಿಷ ಹಾಗೆಯೇ ಒತ್ತಿ ಹಿಡಿದಾಗ ಪೆಡಲು ಮೆಲ್ಲಮೆಲ್ಲನೆ ನೆಲಕ್ಕೆ ಇಳಿಯುತ್ತ ಹೋದರೆ ಒತ್ತಡವು ಎಲ್ಲಿಯೋ ತಪ್ಪಿಸಿಕೊಳ್ಳುತ್ತಿದೆ.

ಈ ಮೂರನೆಯ ಸಂದರ್ಭದಲ್ಲಿ ಅನ್ವಯವ್ಯತಿರೇಕಗಳಿಂದ ವಿಚಾರ ಮಾಡತಕ್ಕದ್ದು. ಪೆಡಲು ಇಳಿಯುತ್ತದೆ, ಆಯಿಲಿನ ಮಟ್ಟವೂ ದಿನೇ ದಿನೇ ಇಳಿಯುತ್ತದೆ ಎಂದಾದರೆ ಸೋರಿಕೆಯು ಹೊರಗಿದೆ. ಪೆಡಲು ಇಳಿಯುತ್ತದೆ, ಆದರೆ ಮಟ್ಟವು ಎಷ್ಟು ದಿನವಾದರೂ ಹಾಗೆಯೇ ಇದೆ ಎಂದಾದರೆ ಮಾಸ್ಟರ್ ಸಿಲಿಂಡರೊಳಗಿನ ರಬ್ಬರ್ ಕಪ್ಪು ಸವೆದು, ಆಯಿಲು ಅದನ್ನು ದಾಟಿ ಒಳಗೊಳಗೇ ಹಿಂದಕ್ಕೆ ಹೋಗುತ್ತಿದೆ. ನೆಲದಲ್ಲಿ ಹನಿಯಿಲ್ಲವೆಂದು ಇದನ್ನು ಅಲಕ್ಷ್ಯ ಮಾಡಕೂಡದು. ಫಲವು ಎರಡಕ್ಕೂ ಒಂದೇ.

ರೂಪವೆಂದರೆ ಕಣ್ಣಿಗೆ ಕಾಣುವ ಲಕ್ಷಣ. ಗಾಡಿಯ ಕೆಳಗಿನ ಕಲೆಯೆಲ್ಲವೂ ಬ್ರೇಕ್ ಆಯಿಲಿನದಲ್ಲ. ಇಂಜಿನ್ ಆಯಿಲು, ಗೇರ್ ಆಯಿಲು, ರೇಡಿಯೇಟರಿನ ನೀರು ಇವೂ ಹನಿಯುತ್ತವೆ. ಅವುಗಳನ್ನು ಬೇರ್ಪಡಿಸಲು ಅಡಿಗೆಮನೆಯಲ್ಲಿಯೇ ಮಾಡಬಹುದಾದ ಪರೀಕ್ಷೆಯೊಂದುಂಟು. ಹನಿಯನ್ನು ಬಿಳಿಯ ಬಟ್ಟೆಯ ಚೂರಿನಿಂದ ಒರಸಿ ಗಾಜಿನ ಲೋಟದ ನೀರಿನಲ್ಲಿ ಅದ್ದಿರಿ. ಇಂಜಿನ್ ಆಯಿಲಾಗಲಿ ಗೇರ್ ಆಯಿಲಾಗಲಿ ಆದರೆ ನೀರಿನ ಮೇಲೆ ಕಾಮನಬಿಲ್ಲಿನಂತೆ ತೇಲುವುದು. ಸಾಮಾನ್ಯವಾದ ಬ್ರೇಕ್ ಆಯಿಲು ಹೆಸರಿಗೆ ಮಾತ್ರ ಎಣ್ಣೆ. ಅದು ನೀರಿನಲ್ಲಿ ಕರಗಿಹೋಗುವುದು. ಅದೇ ಗುಣದಿಂದ ಅದು ಗಾಡಿಯ ಬಣ್ಣವನ್ನೂ ಎಬ್ಬಿಸಿಬಿಡುತ್ತದೆ. ಬಾನೆಟ್ಟಿನ ಮೇಲೆ ಚೆಲ್ಲಿದರೆ ಒಡನೆಯೇ ಧಾರಾಳವಾಗಿ ನೀರು ಸುರಿದು ತೊಳೆಯತಕ್ಕದ್ದು. ಪರೀಕ್ಷೆಗೆ ಬಳಸಿದ ಲೋಟವನ್ನು ಮತ್ತೆ ಕುಡಿಯಲು ಬಳಸಕೂಡದು. ಈ ದ್ರವವು ವಿಷ. ಸೀಸೆಯನ್ನೂ ಮಕ್ಕಳ ಕೈಗೆ ಸಿಕ್ಕದಂತೆ ಇಡಬೇಕು.

ಮುಂದಿನದು ಸ್ಥಾನನಿರ್ಣಯ. ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ, ಗಾಲಿಗಳಿಗೆ ಮುಂದೆಯೂ ಹಿಂದೆಯೂ ಕಲ್ಲು ಕೊಟ್ಟು, ನಾಲ್ಕು ಚಕ್ರಗಳ ಒಳಮಗ್ಗುಲಿನಲ್ಲಿಯೂ ಮಾಸ್ಟರ್ ಸಿಲಿಂಡರಿನ ಕೆಳಗೂ ಹಳೆಯ ವೃತ್ತಪತ್ರಿಕೆಯ ಹಾಳೆಗಳನ್ನು ಹಾಸಿರಿ. ಒಬ್ಬರು ಕುಳಿತು ಪೆಡಲನ್ನು ಹತ್ತಿಪ್ಪತ್ತು ಸಲ ತುಳಿದು ಕೊನೆಗೆ ಒತ್ತಿ ಹಿಡಿಯಲಿ. ಇನ್ನೊಬ್ಬರು ದೀಪ ಹಿಡಿದು ಒಂದೊಂದು ಕಡೆಯನ್ನೂ ನೋಡಲಿ. ಒಂದು ರಾತ್ರಿ ಹಾಳೆಗಳನ್ನು ಹಾಗೆಯೇ ಬಿಟ್ಟು ಬೆಳಿಗ್ಗೆ ನೋಡಿದರೆ ಹನಿಯು ತಾನು ಬಿದ್ದ ಸ್ಥಳವನ್ನು ಬರೆದಿಟ್ಟಿರುತ್ತದೆ. ಆದರೆ ದ್ರವವು ಪೈಪಿನ ಗುಂಟ ಹರಿದು ತಗ್ಗಿನಲ್ಲಿ ಬೀಳುವುದರಿಂದ, ಬಿದ್ದ ಸ್ಥಳಕ್ಕಿಂತ ಮೇಲಕ್ಕೆ ಹುಡುಕುತ್ತ ಹೋಗಿ, ಒದ್ದೆಯು ಎಲ್ಲಿ ಆರಂಭವಾಗುವುದೋ ಅಲ್ಲಿಗೆ ಮುಟ್ಟಬೇಕು.

ಅನುಭವದಲ್ಲಿ ಹೆಚ್ಚಾಗಿ ಸೋರುವುದು ವೀಲ್ ಸಿಲಿಂಡರು. ಟೈರಿನ ಒಳಗೋಡೆಯಲ್ಲಿಯೂ ಡ್ರಮ್ಮಿನ ಹಿಂಬದಿಯ ತಗಡಿನ ಕೆಳತುದಿಯಲ್ಲಿಯೂ ಒದ್ದೆಯಾದ ಗೆರೆಯು ಕಾಣುವುದು. ಬ್ರೇಕು ಹಾಕಿದಾಗ ಗಾಡಿಯು ಒಂದು ಕಡೆಗೆ ಎಳೆಯತೊಡಗಿದ್ದರೆ ಇದೂ ಒಂದು ಸಾಕ್ಷಿ. ಷೂವಿಗೆ ಆಯಿಲು ತಗಲಿದ ಚಕ್ರವು ಸರಿಯಾಗಿ ಹಿಡಿಯದುದರಿಂದ ಗಾಡಿಯು ಸಾಮಾನ್ಯವಾಗಿ ಎದುರು ಮಗ್ಗುಲಿಗೆ ತಿರುಗುವುದು. ಡ್ರಮ್ಮನ್ನು ತೆಗೆದು, ಸಿಲಿಂಡರಿನ ಎರಡು ತುದಿಗಳ ರಬ್ಬರ್ ಟೋಪಿಯನ್ನು ಮೆಲ್ಲನೆ ಎತ್ತಿ ನೋಡಿದರೆ, ಕೆಟ್ಟ ಸಿಲಿಂಡರಿನಿಂದ ದ್ರವವು ಹೊರಕ್ಕೆ ಹರಿಯುವುದು. ಹಿಂದಿನ ಚಕ್ರಗಳಲ್ಲಿ ಮಾತ್ರ ಒಂದು ಭ್ರಾಂತಿಗೆ ಅವಕಾಶವುಂಟು. ಆಕ್ಸಲಿನ ಆಯಿಲ್ ಸೀಲು ಹೋದರೂ ಇದೇ ಸ್ಥಳದಲ್ಲಿ ಒದ್ದೆಯಾಗುವುದು. ತರ್ಕದವರು ಇದನ್ನು ಹೇತ್ವಾಭಾಸವೆನ್ನುವರು. ಗೇರ್ ಆಯಿಲು ದಪ್ಪನಾಗಿ ಗಂಧಕದ ವಾಸನೆಯನ್ನು ಹೊಂದಿರುವುದು. ನೀರಿನ ಪರೀಕ್ಷೆಯೂ ಸಂಶಯವನ್ನು ಪರಿಹರಿಸುವುದು.

ಎರಡನೆಯದು ರಬ್ಬರ್ ಹೋಸು. ಅದನ್ನು ಬಾಗಿಸಿ ನೋಡಿದಾಗ ಬಿರುಕುಗಳು ಕಂಡರೆ, ಅಥವಾ ಪೆಡಲು ತುಳಿದಾಗ ಅದು ಉಬ್ಬಿದರೆ, ಸೋರದಿದ್ದರೂ ಬದಲಾಯಿಸತಕ್ಕದ್ದೇ. ಮೂರನೆಯದು ಉಕ್ಕಿನ ಪೈಪು. ಇದನ್ನು ಚಾಸಿಗೆ ಹಿಡಿದಿರುವ ಕ್ಲಿಪ್ಪುಗಳ ಅಡಿಯಲ್ಲಿ ಕೆಸರು ನಿಂತು ತುಕ್ಕು ಹಿಡಿಯುವುದರಿಂದ ಕ್ಲಿಪ್ಪನ್ನು ಬಿಚ್ಚಿಯೇ ನೋಡಬೇಕು. ನಾಲ್ಕನೆಯದು ಹಿಂದಿನ ಕೆಂಪು ದೀಪವನ್ನು ಹೊತ್ತಿಸುವ ಸ್ವಿಚ್ಚು. ಹಲವು ಹಳೆಯ ಗಾಡಿಗಳಲ್ಲಿ ಇದು ಆಯಿಲಿನ ಒತ್ತಡದಿಂದಲೇ ಕೆಲಸ ಮಾಡುವುದರಿಂದ ಇದರ ಬಾಯಿಂದಲೂ ಜಿನುಗುವುದುಂಟು, ಯಾರೂ ಇತ್ತ ನೋಡುವುದಿಲ್ಲ.

ಕೊನೆಯದು ಮಾಸ್ಟರ್ ಸಿಲಿಂಡರು. 1948 ರಲ್ಲಿ ಹುಟ್ಟಿದ ಮಾರಿಸ್ ಮೈನರಿನಂತಹ ಗಾಡಿಗಳಲ್ಲಿ ಇದು ಚಾಲಕನ ಕಾಲಡಿಯ ನೆಲಹಲಗೆಯ ಕೆಳಗೆ ಅಡಗಿದೆ; ಜಮಖಾನವನ್ನೆತ್ತಿದಲ್ಲದೆ ಅದರ ಮುಚ್ಚಳವೇ ಕಾಣದು. ಬೇರೆ ಕೆಲವುಗಳಲ್ಲಿ ಇಂಜಿನ್ನಿನ ಹಿಂದಿನ ಗೋಡೆಗೆ ಕೂಡಿಸಿದ್ದು, ಹಿಂದಿನ ಸೀಲು ಸೋರಿದರೆ ಆಯಿಲು ಪೆಡಲಿನ ಕೋಲಿನ ಗುಂಟ ಗಾಡಿಯೊಳಕ್ಕೇ ಇಳಿಯುವುದು. ಬ್ರೇಕಿಗೆ ವ್ಯಾಕ್ಯೂಮ್ ಬೂಸ್ಟರನ್ನು ಜೋಡಿಸಿರುವ ಗಾಡಿಗಳಲ್ಲಿ ಒಂದು ಗೂಢರೋಗವುಂಟು. ಸೀಲು ದಾಟಿದ ಆಯಿಲನ್ನು ಇಂಜಿನ್ನೇ ಹೀರಿಕೊಂಡು ಸುಟ್ಟುಬಿಡುವುದರಿಂದ ಹೊರಗೆಲ್ಲಿಯೂ ಹನಿಯಿರದು, ಮಟ್ಟ ಮಾತ್ರ ಇಳಿಯುತ್ತದೆ. ಹೊಗೆಕೊಳವೆಯ ಬಿಳಿಯ ಹೊಗೆಯು ಅದರ ಗುರುತು.

ಇಷ್ಟಾದರೂ ನಿರ್ಣಯವಾಗದಿದ್ದರೆ ಉಪಶಯ, ಎಂದರೆ ಪ್ರಯೋಗ ಮಾಡಿ ತಿಳಿಯುವುದು. ಮೇಸ್ತ್ರಿಯು ಇದಕ್ಕಾಗಿಯೇ ಇರುವ ನುಣುಪಾದ ಹಿಡಿಕೆಯಿಂದ ಒಂದೊಂದು ಹೋಸನ್ನೂ ಸರದಿಯ ಮೇಲೆ ಒತ್ತಿ ಮುಚ್ಚಲಿ. ಯಾವ ಹೋಸನ್ನು ಮುಚ್ಚಿದಾಗ ಪೆಡಲು ಇಳಿಯದೆ ಗಟ್ಟಿಯಾಗುವುದೋ ಆ ಚಕ್ರದಲ್ಲಿಯೇ ದೋಷವಿದೆ. ಎಲ್ಲವನ್ನು ಮುಚ್ಚಿದರೂ ಪೆಡಲು ಇಳಿದರೆ ದೋಷವು ಮಾಸ್ಟರ್ ಸಿಲಿಂಡರಿನಲ್ಲಿಯೋ ಉಕ್ಕಿನ ಪೈಪಿನಲ್ಲಿಯೋ ಇರಬೇಕು. ಹಳೆಯ ಹೋಸಿಗೆ ಈ ಪರೀಕ್ಷೆಯಿಂದ ಪೆಟ್ಟಾಗಬಹುದಾದ್ದರಿಂದ ಹೊಸ ಹೋಸನ್ನು ಹಾಕಿಸುವ ಸಿದ್ಧತೆಯೊಡನೆಯೇ ಇದನ್ನು ಮಾಡಿಸತಕ್ಕದ್ದು.

ರೋಗವು ಬೆಳೆದ ಬಗೆ, ಎಂದರೆ ಸಂಪ್ರಾಪ್ತಿಯೂ, ಅದರ ಮೂಲಕಾರಣವೂ ಒಂದೇ ಎಳೆಯಲ್ಲಿವೆ. ಬ್ರೇಕ್ ಆಯಿಲು ಗಾಳಿಯಲ್ಲಿನ ತೇವವನ್ನು ಹೀರುವ ಸ್ವಭಾವದ್ದು. ಆ ನೀರು ಸಿಲಿಂಡರಿನ ಒಳಮೈಗೆ ತುಕ್ಕು ಹಿಡಿಸಿ ಸಣ್ಣ ಗುಳಿಗಳನ್ನು ಮಾಡುವುದು; ಆ ಗುಳಿಗಳ ಮೇಲೆ ಉಜ್ಜಿ ರಬ್ಬರು ಹರಿಯುವುದು. ವರ್ಷದಲ್ಲಿ ಹತ್ತು ದಿನ ಮಾತ್ರ ಓಡುವ ಗಾಡಿಯಲ್ಲಿ ಪಿಸ್ಟನ್ನು ಅಲ್ಲಾಡದೆ ನಿಲ್ಲುವುದರಿಂದ ಈ ಕೇಡು ಇನ್ನೂ ಬೇಗ. ನೀರಿನಿಂದ ಇನ್ನೊಂದು ಹಾನಿಯೂ ಉಂಟು. ಡಾಟ್ 3 ಎಂಬ ಜಾತಿಯ ಹೊಸ ಆಯಿಲು ಕಡಿಮೆಯೆಂದರೆ 205 ಡಿಗ್ರಿ ಸೆಂಟಿಗ್ರೇಡಿನವರೆಗೆ ಕುದಿಯದು; ತೇವ ಹೀರಿದ ಮೇಲೆ ಅದು 140 ಡಿಗ್ರಿಯ ಸುಮಾರಿಗೇ ಕುದಿಯಬಹುದು. ಘಟ್ಟವನ್ನು ಇಳಿಯುವಾಗ ಡ್ರಮ್ಮು ಕಾದು, ಒಳಗಿನ ದ್ರವವು ಕುದಿದು ಆವಿಯಾದರೆ, ಒಂದು ಹನಿಯೂ ಸೋರದೆಯೇ ಪೆಡಲು ನೆಲವನ್ನು ಮುಟ್ಟುವುದು. ಆದುದರಿಂದ ಎರಡು ವರ್ಷಕ್ಕೊಮ್ಮೆ ಆಯಿಲನ್ನು ಪೂರ್ತಿಯಾಗಿ ಬದಲಾಯಿಸತಕ್ಕದ್ದು. ಬಾಯಿ ತೆರೆದಿಟ್ಟ ಹಳೆಯ ಸೀಸೆಯದನ್ನು ಸುರಿಯಕೂಡದು.

ಚಿಕಿತ್ಸೆಯ ವಿಷಯದಲ್ಲಿ ಕೆಲವು ನಿಯಮಗಳು. ಸಿಲಿಂಡರಿನ ಒಳಮೈ ಕನ್ನಡಿಯಂತಿದ್ದರೆ ರಬ್ಬರುಗಳನ್ನು ಮಾತ್ರ ಹಾಕಿಸಬಹುದು. ಗುಳಿಬಿದ್ದಿದ್ದರೆ ಸಿಲಿಂಡರನ್ನೇ ಬದಲಾಯಿಸಬೇಕು. ಒಂದು ಮಗ್ಗುಲಿನದು ಕೆಟ್ಟರೆ ಎದುರು ಮಗ್ಗುಲಿನದನ್ನೂ ಮಾಡಿಸುವುದು ಲೇಸು. ಆಯಿಲಿನಲ್ಲಿ ನೆನೆದ ಷೂವನ್ನು ಪೆಟ್ರೋಲಿನಿಂದ ತೊಳೆದು ಮತ್ತೆ ಹಾಕುವುದು ಜಿಪುಣತನವಲ್ಲ, ಅಪರಾಧ. ಇಂಜಿನ್ ಆಯಿಲನ್ನಾಗಲಿ ಸೀಮೆಎಣ್ಣೆಯನ್ನಾಗಲಿ ಬ್ರೇಕಿನೊಳಗೆ ಎಂದಿಗೂ ಸೋಕಿಸಕೂಡದು. ರಬ್ಬರುಗಳೆಲ್ಲ ಊದಿಕೊಂಡು ಹಾಳಾಗುವುವು. ಹಳೆಯ ಷೂಗಳಲ್ಲಿ ಆಸ್ಬೆಸ್ಟಾಸ್ ಇರುವುದರಿಂದ ಡ್ರಮ್ಮಿನ ಧೂಳನ್ನು ಊದದೆ ಒದ್ದೆ ಬಟ್ಟೆಯಿಂದ ಒರಸಬೇಕು. ಬರಿಯ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಯಾರೂ ನುಸುಳಕೂಡದು. ಕೆಲಸ ಮುಗಿದ ಮೇಲೆ ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಚಕ್ರದಿಂದ ಆರಂಭಿಸಿ ಸಾಮಾನ್ಯವಾಗಿ ಏರ್ ತೆಗೆಯುವರು. ಬಳಿಕ ಬೀದಿಯಲ್ಲಿ ನಿಧಾನವಾಗಿ ಓಡಿಸಿ, ಒಂದು ವಾರ ಪ್ರತಿದಿನವೂ ಮಟ್ಟವನ್ನು ನೋಡಬೇಕು. ವಾರವಾದರೂ ಮಟ್ಟವು ಇಳಿಯದಿದ್ದರೆ ವಾಸಿಯಾಯಿತೆಂದು ತಿಳಿಯಬಹುದು.

ದಾರಿಯಲ್ಲಿ ಬ್ರೇಕು ಕೈಕೊಟ್ಟರೆ ಏನು ಮಾಡಬೇಕೆಂಬುದನ್ನು ಮನೆಯಲ್ಲಿ ಓಡಿಸುವವರೆಲ್ಲರೂ ಬಾಯಿಪಾಠ ಮಾಡಿರತಕ್ಕದ್ದು. ಪೆಡಲನ್ನು ಬೇಗಬೇಗನೆ ಹಲವು ಸಲ ತುಳಿಯಬೇಕು. ಉಳಿದಿರುವ ಆಯಿಲು ಸ್ವಲ್ಪವಾದರೂ ಹಿಡಿಯಬಹುದು. ಗೇರನ್ನು ಒಂದೊಂದಾಗಿ ಇಳಿಸಬೇಕು, ಇಂಜಿನ್ನನ್ನು ಆರಿಸಕೂಡದು. ಹ್ಯಾಂಡ್ ಬ್ರೇಕು ತಂತಿಯಿಂದ ಕೆಲಸ ಮಾಡುವುದರಿಂದ ಆಯಿಲಿನ ಹಂಗು ಅದಕ್ಕಿಲ್ಲ. ಅದನ್ನು ಒಮ್ಮೆಗೇ ಎಳೆಯದೆ ಹಂತಹಂತವಾಗಿ ಎಳೆಯಬೇಕು. ಈ ಕಾರಣದಿಂದ ಹ್ಯಾಂಡ್ ಬ್ರೇಕಿನ ತಂತಿಯನ್ನೂ ಆಗಾಗ ಪರೀಕ್ಷಿಸುತ್ತಿರುವುದು ಜಾಣತನ.

ಅಂಬಾಸಡರಿನ ತಯಾರಿಕೆಯು 2014 ರಲ್ಲಿಯೇ ನಿಂತಿತು. ಉಳಿದಿರುವ ಗಾಡಿಗಳು ಹಿರಿಯರ ನೆನಪನ್ನು ಹೊತ್ತು ಓಡುತ್ತಿವೆ. ಅವುಗಳನ್ನು ಕಾಪಾಡಿಕೊಳ್ಳುವುದು ಪ್ರೀತಿಯ ಕೆಲಸವೇ ಸರಿ. ಆದರೆ ಆ ಪ್ರೀತಿಯು ಗಾಡಿಯೊಳಗೆ ಕುಳಿತವರ ಮೇಲೆ ಮೊದಲು ಇರತಕ್ಕದ್ದು. ಮದುವೆಯ ಮನೆಗೆ ಒಂದು ದಿನ ತಡವಾಗಿ ಹೋದರೆ, ಇಲ್ಲವೆ ಬಸ್ಸಿನಲ್ಲಿಯೇ ಹೋದರೆ, ಬಂಧುಗಳು ಎರಡು ಮಾತಾಡಿ ಮರೆಯುವರು. ಸೀಸೆಯಲ್ಲಿನ ಆಯಿಲನ್ನು ನಂಬಿ ಘಟ್ಟವನ್ನಿಳಿಯುವವರಿಗೆ ಎರಡನೆಯ ಅವಕಾಶವು ದೊರೆಯುವುದೆಂಬ ಭರವಸೆಯಿಲ್ಲ.