ಒಲೆ ಒಂದೇ, ಎತ್ತರ ಬೇರೆ

ಆರೋಗ್ಯದಲ್ಲಿರುವ ಅಸಮಾನತೆಯ ಮಾತು ಬಂದಾಗಲೆಲ್ಲ ಕರ್ನಾಟಕದಲ್ಲಿ ಚರ್ಚೆಯಾಗುವುದು ಆಸ್ಪತ್ರೆ ಎಷ್ಟು ದೂರದಲ್ಲಿದೆ, ಅಲ್ಲಿ ವೈದ್ಯರಿದ್ದಾರೆಯೇ, ಔಷಧಕ್ಕೆ ಎಷ್ಟು ಖರ್ಚಾಗುತ್ತದೆ ಎಂಬ ಪ್ರಶ್ನೆಗಳು. ಇವು ನ್ಯಾಯವಾದ ಪ್ರಶ್ನೆಗಳೇ. ಆದರೆ ಐವತ್ತರ ವಯಸ್ಸಿನಲ್ಲಿ ಎದೆನೋವೆಂದು ತಾಲ್ಲೂಕು ಆಸ್ಪತ್ರೆಗೆ ಬರುವ ಕೂಲಿಕಾರನ ಕಾಯಿಲೆ ಐವತ್ತರಲ್ಲಿ ಶುರುವಾದದ್ದಲ್ಲ. ಅವನ ಹೃದಯಕ್ಕೆ, ರಕ್ತನಾಳಗಳಿಗೆ ಎಷ್ಟು ತಾಳಿಕೆ ಇರಬೇಕೆಂಬುದರಲ್ಲಿ ಒಂದು ಪಾಲು ಅವನು ತಾಯಿಯ ಹೊಟ್ಟೆಯಲ್ಲಿದ್ದಾಗಲೇ ತೀರ್ಮಾನವಾಗಿರುತ್ತದೆ, ಆ ತಾಯಿಯ ಮೈಯಲ್ಲಿ ಎಷ್ಟು ಕಸುವಿತ್ತೆಂಬುದು ಅವಳು ಯಾವ ಸೀಮೆಯ, ಯಾವ ಕೇರಿಯ, ಯಾವ ಮನೆಯ ಎಷ್ಟನೆಯ ಸೊಸೆ ಎಂಬುದನ್ನು ನೆಚ್ಚಿಕೊಂಡಿರುತ್ತದೆ. ಹೊಲ ಪಹಣಿಯಲ್ಲಿ ವಾರಸುದಾರರಿಗೆ ಇಳಿದು ಬರುವಂತೆ ಬಡತನ ಮೈಯಲ್ಲಿ ಇಳಿದು ಬರುತ್ತದೆ. ಸರ್ಕಾರದ ಯೋಜನೆಗಳು ಈ ಸರಪಳಿಯ ಕೊನೆಯ ಕೊಂಡಿಗೆ ಹಣ ಸುರಿಯುತ್ತ, ಅದರ ಮೊದಲ ಕೊಂಡಿಯನ್ನು ಬಹುಮಟ್ಟಿಗೆ ಕಾಣದೆ ಉಳಿದಿವೆ.

ಈ ವಾದಕ್ಕೆ ಜಗತ್ತಿನ ವೈದ್ಯಶಾಸ್ತ್ರ ಗಂಭೀರವಾಗಿ ಪರಿಗಣಿಸಿದ ಆಧಾರಗಳಲ್ಲಿ ಒಂದು ಮೈಸೂರಿನಲ್ಲಿಯೇ ದೊರೆತದ್ದು. ಊರವರು ಮಿಷನ್ ಆಸ್ಪತ್ರೆ ಎಂದು ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ, 1934ರಷ್ಟು ಹಿಂದಿನಿಂದಲೇ, ಹುಟ್ಟಿದ ಕೂಸಿನ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಪುಸ್ತಕದಲ್ಲಿ ಬರೆದಿಡುವ ಪದ್ಧತಿಯಿತ್ತು. ಹಳೆಯ ಕಡತಗಳನ್ನು ಗೆದ್ದಲಿಗೆ ಒಪ್ಪಿಸುವುದೇ ವಾಡಿಕೆಯಾದ ನಾಡಿನಲ್ಲಿ ಈ ಪುಸ್ತಕಗಳು ಉಳಿದದ್ದೇ ಒಂದು ಸೋಜಿಗ. 1990ರ ದಶಕದಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ನಿನ ಸಂಶೋಧಕರು ಮತ್ತು ಮೈಸೂರಿನ ವೈದ್ಯರು ಅವನ್ನು ತೆರೆದು, ಅವುಗಳಲ್ಲಿ ಕೂಸುಗಳಾಗಿ ದಾಖಲಾಗಿದ್ದವರನ್ನು ನಗರದಲ್ಲಿ ಹುಡುಕಿ, ಅಷ್ಟು ಹೊತ್ತಿಗೆ ನಡುವಯಸ್ಸು ಮುಟ್ಟಿದ್ದ ಅವರ ಹೃದಯವನ್ನು ಪರೀಕ್ಷಿಸಿದರು. 1996ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಹುಟ್ಟಿದಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಗಿದ್ದವರಲ್ಲಿ ಶೇ 11ರಷ್ಟು ಮಂದಿಗೆ ಪರಿಧಮನಿಯ ಕಾಯಿಲೆ, ಅಂದರೆ ಹೃದಯದ ಸ್ನಾಯುವಿಗೆ ರಕ್ತ ಒಯ್ಯುವ ನಾಳಗಳು ಕಿರಿದಾಗುವ ಕಾಯಿಲೆ ಇತ್ತು, 3.1 ಕಿಲೋ ಅಥವಾ ಅದಕ್ಕಿಂತ ಹೆಚ್ಚು ತೂಗಿದ್ದವರಲ್ಲಿ ಅದು ಶೇ 3 ಮಾತ್ರ. ತಾನೂ ಹಗುರವಾಗಿ ಹುಟ್ಟಿ, ಗರ್ಭಿಣಿಯಾಗಿದ್ದಾಗ ತಾಯಿಯೂ 45 ಕಿಲೋಗಿಂತ ಕಡಿಮೆ ತೂಗಿದ್ದವರಲ್ಲಿ ಪ್ರಮಾಣ ಶೇ 20ಕ್ಕೆ ಏರಿತ್ತು.

ಗರ್ಭದಲ್ಲಿ ಪೋಷಣೆ ಸಾಲದಾದಾಗ ಭ್ರೂಣವು ಮಿದುಳನ್ನು ಉಳಿಸಿಕೊಳ್ಳಲು ಬೇರೆ ಅಂಗಗಳ ಬೆಳವಣಿಗೆಯಲ್ಲಿ ಉಳಿತಾಯ ಮಾಡುತ್ತದೆ, ಆ ಉಳಿತಾಯದ ಬೆಲೆಯನ್ನು ದಶಕಗಳ ನಂತರ ತೆರಬೇಕಾಗುತ್ತದೆ ಎಂಬುದು ಡೇವಿಡ್ ಬಾರ್ಕರ್ ಇಂಗ್ಲೆಂಡಿನ ಹರ್ಟ್‌ಫರ್ಡ್‌ಶೈರ್ ಕೌಂಟಿಯ ಜನನ ದಾಖಲೆಗಳನ್ನು ಇಟ್ಟುಕೊಂಡು ಬೆಳೆಸಿದ ಸಿದ್ಧಾಂತ. ಮೈಸೂರಿನ ಕಡತ ಅದನ್ನು ಹೃದಯದ ವಿಷಯದಲ್ಲಿ ಬೆಂಬಲಿಸಿತಾದರೂ ಸಕ್ಕರೆ ಕಾಯಿಲೆಯ ವಿಷಯದಲ್ಲಿ ಬೇರೆಯದೇ ಮಾತು ಹೇಳಿತು: ಇಲ್ಲಿ ಮಧುಮೇಹ ಹೆಚ್ಚಾಗಿ ಕಂಡದ್ದು ಹುಟ್ಟಿದಾಗ ಗಿಡ್ಡಗಿದ್ದು ಉದ್ದಕ್ಕೆ ಹೋಲಿಸಿದರೆ ದಪ್ಪಗಿದ್ದವರಲ್ಲಿ, ತಾಯಿ ತೂಕವಾಗಿದ್ದವರಲ್ಲಿ. ಆದ್ದರಿಂದ ಹಸಿವೊಂದೇ ಎಲ್ಲ ಕಾಯಿಲೆಯ ಬೇರು ಎಂಬ ಸರಳ ತೀರ್ಪಿಗೆ ಈ ಕಡತದಲ್ಲಿ ಜಾಗವಿಲ್ಲ. ತಾಯಿಯ ಮೈ ಮಗುವಿನ ಮುಪ್ಪನ್ನು ರೂಪಿಸುತ್ತದೆ ಎಂಬಷ್ಟು ಮಾತ್ರ ಎರಡೂ ಕಡೆ ನಿಲ್ಲುತ್ತದೆ.

ಹುಟ್ಟಿದ ಮೇಲಿನ ಬದುಕಿನಲ್ಲೂ ಅಂತಸ್ತು ಮೈಯನ್ನು ಸುಮ್ಮನೆ ಬಿಡುವುದಿಲ್ಲ. ಲಂಡನ್ನಿನ ವೈಟ್‌ಹಾಲ್ ಕಚೇರಿಗಳ ಸುಮಾರು 18 ಸಾವಿರ ಗಂಡು ನೌಕರರನ್ನು 1967ರಿಂದ ಗಮನಿಸಿದ ಅಧ್ಯಯನದಲ್ಲಿ, ಕೆಳಗಿನ ದರ್ಜೆಯವರು ಹೃದ್ರೋಗದಿಂದ ಸಾಯುವ ಪ್ರಮಾಣ ಮೇಲಿನ ದರ್ಜೆಯವರಿಗಿಂತ ಸುಮಾರು ಮೂರು ಪಟ್ಟು ಎಂದು ಮೈಕೆಲ್ ಮಾರ್ಮಟ್ ಮತ್ತು ಸಂಗಡಿಗರು ಕಂಡರು. ಧೂಮಪಾನ, ರಕ್ತದೊತ್ತಡಗಳನ್ನು ಲೆಕ್ಕಕ್ಕೆ ಹಿಡಿದರೂ ಅಂತರದ ದೊಡ್ಡ ಭಾಗ ಹಾಗೆಯೇ ಉಳಿಯಿತು. ಇವರಲ್ಲಿ ಉಣ್ಣಲು ಗತಿಯಿಲ್ಲದವರು ಯಾರೂ ಇರಲಿಲ್ಲವೆಂಬುದು ಗಮನಿಸಬೇಕಾದ ಸಂಗತಿ. ಬಡವ–ಶ್ರೀಮಂತ ಎಂಬ ಎರಡು ಮೆಟ್ಟಿಲಿನ ನಡುವಿನ ಕಂದರಕ್ಕಿಂತ, ಪ್ರತಿ ಮೆಟ್ಟಿಲಿಗೂ ಆಯುಷ್ಯ ಒಂದಿಷ್ಟು ಇಳಿಯುತ್ತ ಹೋಗುವ ಈ ಬಗೆಯನ್ನು ‘ಸಾಮಾಜಿಕ ಇಳಿಜಾರು’ ಎನ್ನುತ್ತಾರೆ. ಭಾರತದ ಇಳಿಜಾರಿನಲ್ಲಿ ಜಾತಿಯ ಮೆಟ್ಟಿಲುಗಳೂ ಇವೆ. ಉತ್ತರ ಪ್ರದೇಶ, ಬಿಹಾರ, ಮಧ್ಯಪ್ರದೇಶ, ಒಡಿಶಾ ಸೇರಿದಂತೆ ಒಂಬತ್ತು ರಾಜ್ಯಗಳ ದತ್ತಾಂಶವನ್ನು ಆಧರಿಸಿ 2022ರಲ್ಲಿ ಪ್ರಕಟವಾದ ಅಧ್ಯಯನವು ಮೇಲ್ಜಾತಿಯ ಹಿಂದೂಗಳಿಗಿಂತ ಆದಿವಾಸಿಗಳ ಸರಾಸರಿ ಆಯುಷ್ಯ ನಾಲ್ಕು ವರ್ಷಕ್ಕೂ ಮೀರಿ ಕಡಿಮೆ, ದಲಿತರದು ಮೂರು ವರ್ಷಕ್ಕೂ ಮೀರಿ ಕಡಿಮೆ ಎಂದು ತೋರಿಸಿತು. ಹಣಕಾಸಿನ ಸ್ಥಿತಿಯ ವ್ಯತ್ಯಾಸವೊಂದರಿಂದಲೇ ಆ ಅಂತರವನ್ನು ಪೂರ್ತಿ ವಿವರಿಸಲಾಗದೆಂಬುದು ಅದರ ಮುಖ್ಯ ತಿಳಿವಳಿಕೆ.

ಕರ್ನಾಟಕದ ಇಳಿಜಾರನ್ನು ನಕ್ಷೆಯ ಮೇಲೆಯೇ ನೋಡಬಹುದು. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಗುರುತಿಸಿದ ಅತ್ಯಂತ ಹಿಂದುಳಿದ 39 ತಾಲ್ಲೂಕುಗಳಲ್ಲಿ 21 ಅಂದಿನ ಗುಲ್ಬರ್ಗ ವಿಭಾಗದಲ್ಲಿದ್ದವು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35.4ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು. ಯಾದಗಿರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು ಹಾಗಿದ್ದಾರೆ. ವಯಸ್ಸಿಗೆ ತಕ್ಕ ಎತ್ತರ ಇಲ್ಲದಿರುವುದನ್ನು ಕುಂಠಿತ ಬೆಳವಣಿಗೆ ಎನ್ನಲಾಗುತ್ತದೆ. ಇದು ನಾಲ್ಕು ದಿನದ ಹಸಿವಿನ ಗುರುತಲ್ಲ. ಗರ್ಭದಿಂದ ಮೊದಲುಗೊಂಡು ಎರಡು ವರ್ಷ ತುಂಬುವವರೆಗಿನ ಕೊರತೆ ಒಟ್ಟುಗೂಡಿ ಮೂಳೆಯಲ್ಲಿ ಉಳಿದುಹೋದ ಲೆಕ್ಕ.

ಈ ಲೆಕ್ಕವನ್ನು ಜಿಲ್ಲೆ, ಜಾತಿ, ವರ್ಗಗಳ ಮಟ್ಟದಲ್ಲಿಯೇ ನಿಲ್ಲಿಸಿದರೆ ಕುಟುಂಬವೆಂಬುದು ಒಳಗೆ ಭೇದವಿಲ್ಲದ ಒಂದು ಘಟಕವೆಂಬ ಭ್ರಮೆ ಉಳಿಯುತ್ತದೆ. ಸಂಶೋಧಕರಾದ ಡಯಾನ್ ಕಾಫಿ, ರೀತಿಕಾ ಖೇರಾ ಮತ್ತು ಡೀನ್ ಸ್ಪಿಯರ್ಸ್ ಭಾರತದ ಗ್ರಾಮೀಣ ಅವಿಭಕ್ತ ಕುಟುಂಬಗಳಲ್ಲಿ ಅಣ್ಣನ ಮಕ್ಕಳ ಮತ್ತು ತಮ್ಮನ ಮಕ್ಕಳ ಎತ್ತರವನ್ನು ಹೋಲಿಸಿ, ತಮ್ಮನ ಮಕ್ಕಳು ಸರಾಸರಿಯಲ್ಲಿ ಗಿಡ್ಡಗಿರುತ್ತಾರೆಂದು ಕಂಡುಕೊಂಡರು. ಮನೆ ಒಂದು, ಒಲೆ ಒಂದು, ರೇಷನ್ ಕಾರ್ಡು ಒಂದು, ಅಜ್ಜ–ಅಜ್ಜಿಯೂ ಅವರೇ. ಬೇರೆಯಾಗಿರುವುದು ತಾಯಂದಿರ ಸ್ಥಾನ. ಓರಗಿತ್ತಿಯರಲ್ಲಿ, ಉತ್ತರ ಕರ್ನಾಟಕದ ಮಾತಿನಲ್ಲಿ ನೆಗೆಣ್ಣಿಯರಲ್ಲಿ, ಕಿರಿಯಳಾಗಿ ಬಂದವಳಿಗೆ ಅತ್ತೆಯ ಎದುರು ಮಾತಿಲ್ಲ, ಹಿರಿ ಸೊಸೆಯ ಎದುರೂ ಮಾತಿಲ್ಲ. ಗಂಡಸರು ಉಂಡು, ಮಕ್ಕಳು ಉಂಡು, ಅತ್ತೆ ಉಂಡು, ಹಿರಿಯಳು ಉಂಡ ಮೇಲೆ ರೊಟ್ಟಿಬುಟ್ಟಿಯ ತಳದಲ್ಲಿ ಉಳಿದದ್ದು ಅವಳ ಪಾಲು, ಪಲ್ಯದ ಬದಲು ಹಲವು ದಿನ ಖಾರದಪುಡಿಯೇ ಗತಿ. ಹಬ್ಬಕ್ಕೆ ಸೀರೆ ಇಬ್ಬರಿಗೂ ಬರುತ್ತದೆಯೆಂಬ ಸಮಾಧಾನದಲ್ಲಿ ಈ ಭೇದವನ್ನು ಭೇದವೆಂದು ಯಾರೂ ಎಣಿಸುವುದಿಲ್ಲ. ಎಣಿಸಿದ್ದು ಮಗುವಿನ ಬೆನ್ನಿಗೆ ಹಿಡಿದ ಅಳತೆಪಟ್ಟಿ ಮಾತ್ರ.

ಕಿರಿ ಸೊಸೆ ಸೊಸೆಯಾಗುವ ಮುನ್ನ ಮಗಳಾಗಿದ್ದವಳು. ಕಲ್ಯಾಣ ಕರ್ನಾಟಕದ ಒಣಭೂಮಿಯ ತಾಲ್ಲೂಕುಗಳಲ್ಲಿ ಸುಗ್ಗಿ ಮುಗಿದ ಮೇಲೆ ಗಂಡ–ಹೆಂಡತಿ ಕಟ್ಟಡದ ಕೆಲಸಕ್ಕೋ ಕಬ್ಬು ಕಡಿಯಲೋ ಬೆಂಗಳೂರು, ಪುಣೆ, ಮುಂಬಯಿಗಳಿಗೆ ಹೊರಡುವುದನ್ನು ಗುಳೆ ಹೋಗುವುದು ಎನ್ನುತ್ತಾರೆ. ಹಾಗೆ ಹೊರಡುವ ಸಂಸಾರದಲ್ಲಿ ದೊಡ್ಡ ಮಗಳ ಮುಂದೆ ಎರಡೇ ದಾರಿ: ಶಾಲೆ ಬಿಟ್ಟು ಜೊತೆಗೆ ಹೋಗಿ ಶೆಡ್ಡಿನಲ್ಲಿ ತಮ್ಮ ತಂಗಿಯರನ್ನು ನೋಡಿಕೊಳ್ಳುವುದು, ಇಲ್ಲವೇ ಊರಲ್ಲಿ ಅಜ್ಜಿಯ ಬಳಿ ಉಳಿಯುವುದು. ಮೈನೆರೆದ ಹುಡುಗಿಯನ್ನು ಎರಡೂ ಕಡೆ ಇಟ್ಟುಕೊಳ್ಳಲು ಹೆದರುವ ತಂದೆತಾಯಿ ಮೂರನೆಯ ದಾರಿಯಾಗಿ ಮದುವೆಯನ್ನು ಹುಡುಕುತ್ತಾರೆ. ಬಾಲ್ಯವಿವಾಹವನ್ನು ಮೊದಲಿನಿಂದಲೇ ಅಸಿಂಧುವೆಂದು ಸಾರುವ ತಿದ್ದುಪಡಿಯನ್ನು ಕರ್ನಾಟಕ 2016ರಲ್ಲಿಯೇ ತಂದಿದೆ. ಆದರೂ ಮೇಲೆ ಹೇಳಿದ ಸಮೀಕ್ಷೆಯಲ್ಲಿ 20ರಿಂದ 24ರ ವಯಸ್ಸಿನ ಮಹಿಳೆಯರಲ್ಲಿ ಶೇ 21.3ರಷ್ಟು ಮಂದಿಗೆ ಹದಿನೆಂಟು ತುಂಬುವ ಮುನ್ನವೇ ಮದುವೆಯಾಗಿತ್ತು. ಈ ಮದುವೆಗಳನ್ನು ಅಜ್ಞಾನದ ಫಲವೆಂದು ಬಗೆಯುವ ಅಧಿಕಾರಿಗಳ ಭಾಷಣಗಳು ಅರ್ಧಸತ್ಯವನ್ನು ಮಾತ್ರ ಹೇಳುತ್ತವೆ, ಏಕೆಂದರೆ ಭದ್ರವಾದ ಹಾಸ್ಟೆಲ್ಲಾಗಲಿ ಊರಲ್ಲೇ ಕೂಲಿಯಾಗಲಿ ಇಲ್ಲದ ಮನೆಯಲ್ಲಿ ಮಗಳ ಮದುವೆ ಎಂಬುದು ಲೆಕ್ಕ ಹಾಕಿಯೇ ತೆಗೆದುಕೊಂಡ ತೀರ್ಮಾನ.

ಹೀಗೆ ಹದಿನಾಲ್ಕು ಹದಿನೈದರಲ್ಲಿ ಶಾಲೆ ಬಿಟ್ಟ ಹುಡುಗಿ ಸರ್ಕಾರದ ಕಡತಗಳಿಂದಲೂ ಮರೆಯಾಗುತ್ತಾಳೆ. ಆರು ವರ್ಷದವರೆಗೆ ಅವಳ ತೂಕ ಅಂಗನವಾಡಿಯಲ್ಲಿತ್ತು, ಆಮೇಲೆ ಬಿಸಿಯೂಟವೂ ವಾರಕ್ಕೊಂದು ಕಬ್ಬಿಣಾಂಶದ ಮಾತ್ರೆಯೂ ಶಾಲೆಯಲ್ಲಿದ್ದವು. ಶಾಲೆಯ ಹೊರಗೆ ಉಳಿದವರಿಗೆ ಅಂಗನವಾಡಿಯ ಮೂಲಕ ಮಾತ್ರೆ ಕೊಡಬೇಕೆಂಬ ನಿಯಮವಿದೆಯಾದರೂ ಗುಳೆ ಹೋದವಳನ್ನು ಆ ನಿಯಮ ಹುಡುಕಿಕೊಂಡು ಹೋಗುವುದಿಲ್ಲ. ಅವಳು ಮತ್ತೆ ಕಡತಕ್ಕೆ ಬರುವುದು ಗರ್ಭಿಣಿಯಾಗಿ, ಆಶಾ ಕಾರ್ಯಕರ್ತೆ ತಾಯಿ ಕಾರ್ಡಿನಲ್ಲಿ ಹೆಸರು ಬರೆಸಿದ ದಿನ. ಅಷ್ಟರೊಳಗೆ ಎರಡು ಮೂರು ತಿಂಗಳು ಕಳೆದು ಭ್ರೂಣದ ಅಂಗಗಳು ಮೂಡಿರುತ್ತವೆ. 2005–06ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ದತ್ತಾಂಶದಿಂದ ಡಯಾನ್ ಕಾಫಿ 2015ರಲ್ಲಿ ಲೆಕ್ಕ ಹಾಕಿದಂತೆ, ಭಾರತದಲ್ಲಿ ಗರ್ಭ ಧರಿಸುವ ಮುನ್ನವೇ ಶೇ 42.2ರಷ್ಟು ಮಹಿಳೆಯರು ಇರಬೇಕಾದುದಕ್ಕಿಂತ ಕಡಿಮೆ ತೂಕದವರಾಗಿದ್ದರು, ಭಾರತಕ್ಕಿಂತ ಬಡವಾದ ಸಹಾರಾ ಕೆಳಗಿನ ಆಫ್ರಿಕಾದಲ್ಲಿ ಅದು ಶೇ 16.5. ಒಂಬತ್ತು ತಿಂಗಳಲ್ಲಿ ಎಷ್ಟು ಉಣ್ಣಿಸಿದರೂ ಹದಿನೆಂಟು ವರ್ಷದ ಬಾಕಿ ತೀರುವುದಿಲ್ಲ.

ಉಣ್ಣಿಸುವ ಕೆಲಸವೂ ಕಾಗದದ ಮೇಲೆ ಕಾಣುವಷ್ಟು ಸಲೀಸಲ್ಲ. 2017ರ ಅಕ್ಟೋಬರ್ 2ರಂದು ರಾಜ್ಯದಾದ್ಯಂತ ಆರಂಭವಾದ ಮಾತೃಪೂರ್ಣ ಯೋಜನೆ ಗರ್ಭಿಣಿ ಬಾಣಂತಿಯರಿಗೆ ಅಂಗನವಾಡಿಯಲ್ಲಿ ಅನ್ನ, ಸಾರು, ಮೊಟ್ಟೆ, ಹಾಲು, ಶೇಂಗಾ ಚಿಕ್ಕಿಯ ಬಿಸಿಯೂಟ ಬಡಿಸಿತು. ಮನೆಗೆ ಕೊಟ್ಟ ಧಾನ್ಯ ಎಲ್ಲರ ಪಾಲಾಗುತ್ತದೆ, ಎದುರು ಕೂರಿಸಿ ಬಡಿಸಿದ್ದು ಅವಳ ಹೊಟ್ಟೆಗೇ ಹೋಗುತ್ತದೆ ಎಂಬ ಅದರ ತರ್ಕ ಕುಟುಂಬದ ಒಳಗಿನ ಭೇದವನ್ನು ಸರಿಯಾಗಿಯೇ ಗ್ರಹಿಸಿತ್ತು. ಆದರೆ ಕೂಲಿ ಬಿಟ್ಟು ಮಧ್ಯಾಹ್ನ ನಡೆದು ಬರಬೇಕಾದವಳು ಕೂಲಿಯನ್ನೇ ಆರಿಸಿಕೊಂಡಳು, ಬಾಣಂತಿ ಹೊಸ್ತಿಲು ದಾಟಬಾರದೆಂಬ ಕಟ್ಟಳೆಯ ಮನೆಗಳು ಅವಳನ್ನು ಕಳಿಸಲಿಲ್ಲ, ಎಲ್ಲ ಜಾತಿಯವರೂ ಒಂದೇ ಕಡೆ ಕೂತು ಉಣ್ಣುವುದು ಕೆಲವರಿಗೆ ಒಗ್ಗಲಿಲ್ಲ. ಶಾಲೆಯ ಮೊಟ್ಟೆಯ ಕಥೆ ಇನ್ನೂ ದೀರ್ಘ. 2021ರ ಡಿಸೆಂಬರಿನಲ್ಲಿ ಅಪೌಷ್ಟಿಕತೆ ಹೆಚ್ಚಿರುವ ಏಳು ಜಿಲ್ಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಕೊಡಲು ತೊಡಗಿದಾಗ ಕೆಲವು ಮಠಾಧೀಶರು ವಿರೋಧಿಸಿದರು. ತಿನ್ನದವರಿಗೆ ಬಾಳೆಹಣ್ಣಿತ್ತು, ತಿನ್ನುವ ಮಕ್ಕಳೋ ಇನ್ನೊಂದು ಬೇಕೆಂದರು. ಯಾದಗಿರಿಯ ಮಕ್ಕಳನ್ನು ಮೊಟ್ಟೆ ಸಿಗದಿದ್ದ ಗದುಗಿನ ಮಕ್ಕಳೊಂದಿಗೆ ಹೋಲಿಸಿದ ಅಧ್ಯಯನದಲ್ಲಿ ಮೊಟ್ಟೆ ತಿಂದವರ ತೂಕ ಹೆಚ್ಚು ಏರಿದ್ದು ಕಂಡಿತು. ಆಮೇಲೆ ರಾಜ್ಯಕ್ಕೆಲ್ಲ ವಿಸ್ತರಿಸಿದ ಈ ಕ್ರಮ 2024ರಲ್ಲಿ ವಾರದ ಆರೂ ದಿನಕ್ಕೆ ಮುಟ್ಟಿದೆ. ಸರಪಳಿಯ ಮೊದಲ ಕೊಂಡಿಗೆ ಈಚೆಗೆ ಬಿದ್ದ ಏಟುಗಳಲ್ಲಿ ಇದಕ್ಕಿಂತ ಗಟ್ಟಿಯಾದುದು ಬೇರೊಂದಿಲ್ಲ, ಶಾಲೆ ಬಿಟ್ಟವಳ ಬಟ್ಟಲಿಗೆ ಮಾತ್ರ ಅದು ಬೀಳುವುದಿಲ್ಲ.

ಸರಪಳಿಯ ಇನ್ನೊಂದು ತುದಿಯಲ್ಲಿ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಕಾರ್ಡು ಬಡ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯ ಭರವಸೆ ಕೊಡುತ್ತದೆ. ಅದು ಆಸ್ಪತ್ರೆಗೆ ದಾಖಲಾದವರ ಭರವಸೆ. ಮನೆಯಲ್ಲಿ ದಿನಾ ನುಂಗಬೇಕಾದ ಬಿ.ಪಿ. ಮಾತ್ರೆಯ ಖರ್ಚು, ಮುದುಕಿಯನ್ನು ನೋಡಿಕೊಳ್ಳಲು ಕೂಲಿ ಬಿಟ್ಟ ಸೊಸೆಯ ನಷ್ಟ ಇವುಗಳಿಗೆ ಅದರಲ್ಲಿ ಅಂಕಣವಿಲ್ಲ. ವೃದ್ಧಾಪ್ಯ ವೇತನದಲ್ಲಿ ಎಂಬತ್ತರೊಳಗಿನವರಿಗೆ ಕೇಂದ್ರ ಸರ್ಕಾರ ಕೊಡುವ ಪಾಲು ತಿಂಗಳಿಗೆ 200 ರೂಪಾಯಿ, ಒಂದೂವರೆ ದಶಕಕ್ಕೂ ಹೆಚ್ಚು ಕಾಲದಿಂದ ಅಷ್ಟೇ ಇದೆ.

ಕಾಯಿಲೆಯನ್ನು ಮೊದಲೇ ಹಿಡಿಯುವ ಪ್ರಯತ್ನವೇನೋ ನಡೆದಿದೆ. ಮೂವತ್ತು ದಾಟಿದವರ ಮನೆಮನೆಗೆ ಆಶಾ ಕಾರ್ಯಕರ್ತೆ ಒಯ್ಯುವ ಅಂದಾಜು ಪಟ್ಟಿಯಲ್ಲಿ ವಯಸ್ಸು, ತಂಬಾಕು, ಮದ್ಯ, ಸೊಂಟದ ಸುತ್ತಳತೆ, ದೈಹಿಕ ಚಟುವಟಿಕೆ, ತಂದೆತಾಯಿಗಿದ್ದ ಕಾಯಿಲೆ ಇವಿಷ್ಟಕ್ಕೆ ಅಂಕಗಳಿದ್ದು, ಒಟ್ಟು ನಾಲ್ಕನ್ನು ಮೀರಿದವರಿಗೆ ತಪಾಸಣೆಯಲ್ಲಿ ಆದ್ಯತೆ. ಹಗುರವಾಗಿ ಹುಟ್ಟಿ, ಹದಿನಾರಕ್ಕೆ ಮದುವೆಯಾಗಿ, ಮೂವತ್ತೈದರಲ್ಲಿ ಹತ್ತಿ ಬಿಡಿಸುತ್ತಿರುವ ತೆಳ್ಳನೆಯ ಹೆಂಗಸಿನ ಮುಂದೆ ಆ ಪಟ್ಟಿಯನ್ನು ಇಟ್ಟು ನೋಡಬಹುದು. ಸೊಂಟ ಎಂಬತ್ತು ಸೆಂಟಿಮೀಟರಿನ ಒಳಗಿದೆ, ಸೊನ್ನೆ. ವಾರಕ್ಕೆ 150 ನಿಮಿಷಕ್ಕಿಂತ ಎಷ್ಟೋ ಹೆಚ್ಚು ಮೈ ಬಳಲಿಸುತ್ತಾಳೆ, ಸೊನ್ನೆ. ತಾಯಿಗೆ ಬಿ.ಪಿ. ಅಥವಾ ಹೃದ್ರೋಗವಿತ್ತೇ ಎಂಬ ಪ್ರಶ್ನೆಗೆ ಅವಳು ಇಲ್ಲವೆನ್ನುತ್ತಾಳೆ, ಏಕೆಂದರೆ ಅವಳ ತಾಯಿ ಯಾವ ಕಾಯಿಲೆಯಿಂದ ತೀರಿಕೊಂಡಳೆಂದು ಯಾವ ವೈದ್ಯನೂ ನೋಡಿ ಹೇಳಿರಲಿಲ್ಲ, ಅಲ್ಲಿಯೂ ಸೊನ್ನೆ. ಹುಟ್ಟಿದಾಗ ಎಷ್ಟು ತೂಗಿದ್ದಳೆಂದು ಆ ಪಟ್ಟಿ ಕೇಳುವುದಿಲ್ಲ.